ಪದ ಮಡಿವಾಳಪ್ಪನದು, ಕ್ಲೇಮ್ ಯಾರದು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲ ಕಾಪಿರೈಟ್, ಹ್ಯಾಕಿಂಗ್ ಮತ್ತು ಅಂತರಜಾಲದ ಮಾತಿನ ಸ್ವಾತಂತ್ರ್ಯದ ಬಗ್ಗೆ ಬಂದ ಪತ್ರಗಳು.

ನಮ್ಮೂರ ಭಜನಿ ಮ್ಯಾಳದವರು ಹಾಡಿದ ಕಡಕೋಳ ಮಡಿವಾಳಪ್ಪನವರ ಪದ ಫೋನ್‌ನಾಗ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕೀವಿ. ದನಿ ನಮ್ದೇ, ಹಾರ್ಮೋನಿಯಂ, ತಬಲಾ, ತಾಳ ಎಲ್ಲಾ ನಮ್ದೇ. ಆದ್ರೂ ಒಂದು ಆಡಿಯೊ ಕಂಪನಿ ಹೆಸರಿನಾಗ ಕಾಪಿರೈಟ್ ಕ್ಲೇಮ್ ಬಂದದ. ಚಾನೆಲ್ ಬಂದ್ ಆಗ್ತದೇನ್ರಿ? ಶರಣರ ಪದಕ್ಕ ಕಂಪನಿ ಹ್ಯಾಂಗ ಮಾಲೀಕ ಆಗ್ತದ?
— ಓದುಗರು, ಜೇವರ್ಗಿ

ಬಂದ್ ಆಗುವುದಿಲ್ಲ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ವಿಡಿಯೊದ ಜಾಹೀರಾತಿನ ಹಣ ಆ ಕಂಪನಿಗೆ ಹೋಗಬಹುದು, ಕೆಲವು ಅಥವಾ ಎಲ್ಲ ದೇಶಗಳಲ್ಲಿ ವಿಡಿಯೊ ಕಾಣದಿರಬಹುದು, ಅಷ್ಟೇ. ವಿಡಿಯೊ ತೆಗೆಸುವ ಅರ್ಜಿ ಬಂದಾಗ ಚಾನೆಲ್ ಮೇಲೆ ಬೀಳುವ ಸ್ಟ್ರೈಕ್ ಮಾತ್ರ ಅಪಾಯ: 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ ಹೋಗುತ್ತದೆ. ನಿಮಗೆ ಬಂದಿರುವುದು ಕಂಟೆಂಟ್ ಐಡಿ ಎಂಬ ಯಂತ್ರದ ಕೆಲಸ. ಕಂಪನಿಗಳು ತಮ್ಮ ಧ್ವನಿಮುದ್ರಿಕೆಗಳ ‘ಬೆರಳಚ್ಚು’ ಕೊಟ್ಟಿರುತ್ತವೆ; ಹೊಸ ವಿಡಿಯೊದ ಸದ್ದು ಅದಕ್ಕೆ ಹೋಲಿದರೆ ಯಂತ್ರ ಮುದ್ರೆ ಒತ್ತುತ್ತದೆ. ಒಂದೇ ಧಾಟಿ, ಅದೇ ಕಾಳಿ ಎರಡರ ಶ್ರುತಿ, ಅದೇ ಪಲ್ಲವಿ ಅಂದಮೇಲೆ ಯಂತ್ರ ಮೋಸ ಹೋಗುವುದು ಸಹಜ. ಅದಕ್ಕೆ ಕೇಳಿಸುವುದು ಸ್ವರ. ಹಾಡಿದವರು ಯಾರು ಎಂದು ಅದು ವಿಚಾರಿಸುವುದಿಲ್ಲ.

ಮೊದಲು ಯೂಟ್ಯೂಬ್ ಸ್ಟುಡಿಯೊ ತೆರೆದು ಆ ವಿಡಿಯೊದ ಎದುರು ‘ಕಾಪಿರೈಟ್’ ಎಂದಿರುವಲ್ಲಿ ಒತ್ತಿ, ವಿವರ ನೋಡಿ. ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಹೋಲಿಕೆ ಕಂಡಿದೆ, ಹೋಲಿದ್ದು ಧ್ವನಿಮುದ್ರಣವೋ ಬರೀ ಧಾಟಿಯೋ ಎಂಬುದು ಅಲ್ಲಿರುತ್ತದೆ. ಆ ಭಾಗವನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಎಷ್ಟೋ ಸಲ ಪಕ್ಕದ ಪೆಂಡಾಲಿನ ಸ್ಪೀಕರಿನ ಸಿನಿಮಾ ಹಾಡು ಹಿಂದೆ ಕೇಳುತ್ತಿರುತ್ತದೆ. ಇಲ್ಲವೇ ಮೇಳದವರು ಕೊಂಡುತಂದ ‘ಟ್ರ್ಯಾಕ್’ ಮೇಲೆ ಹಾಡಿರುತ್ತಾರೆ. ಹಾಗಿದ್ದರೆ ಕ್ಲೇಮ್ ಸರಿ. ಜಗಳಕ್ಕೆ ನಿಲ್ಲದೆ ಆ ತುಣುಕನ್ನು ಸ್ಟುಡಿಯೊದಲ್ಲೇ ಕತ್ತರಿಸಿ ಅಥವಾ ಸದ್ದಡಗಿಸಿ.

ಎಲ್ಲವೂ ನಿಮ್ಮದೇ ಆಗಿದ್ದರೆ ತಕರಾರು ಹಾಕಿ. ಐದು ದಿನದೊಳಗೆ ಹಾಕಿದರೆ ಮೊದಲ ದಿನದಿಂದ ಬಂದ ಹಣ ಯಾರಿಗೂ ಹೋಗದೆ ತಡೆಯಲ್ಲಿರುತ್ತದೆ. ಬರೆಯುವುದು ಇಷ್ಟು ಸಾಕು: ‘ಈ ದಿನ, ಈ ಊರಿನಲ್ಲಿ ನಮ್ಮ ಮೇಳ ಹಾಡಿದ್ದನ್ನು ನಾವೇ ಮುದ್ರಿಸಿದ್ದೇವೆ. ನಿಮ್ಮ ಧ್ವನಿಮುದ್ರಿಕೆಯ ಯಾವ ತುಣುಕೂ ಇದರಲ್ಲಿಲ್ಲ. ಸಾಹಿತ್ಯ ಮತ್ತು ಧಾಟಿ ಸಾಂಪ್ರದಾಯಿಕ.’ ಸಿಟ್ಟಿನ ಮಾತು ಬೇಡ, ‘ನಾವು ದುಡ್ಡಿಗೆ ಮಾಡಿಲ್ಲ’ ಎಂಬ ಸಮಜಾಯಿಷಿಯೂ ಬೇಡ. ದುಡ್ಡು ಮಾಡಲಿಲ್ಲ ಎಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಕಂಪನಿಗೆ ಉತ್ತರಿಸಲು 30 ದಿನ ಇರುತ್ತದೆ. ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು. ಅದಕ್ಕೆ ಅವರು 7 ದಿನದಲ್ಲಿ ಉತ್ತರಿಸಬೇಕು.

ಇಲ್ಲಿಂದ ಮುಂದೆ ಸ್ವಲ್ಪ ನಿಂತು ಯೋಚಿಸಿ. ಮೇಲ್ಮನವಿಯ ನಂತರವೂ ಕಂಪನಿ ಹಟ ಹಿಡಿದರೆ ವಿಡಿಯೊ ತೆಗೆಸುವ ಅರ್ಜಿ ಹಾಕುತ್ತದೆ, ಆಗ ಸ್ಟ್ರೈಕ್ ಬೀಳುತ್ತದೆ. ಅದಕ್ಕೆ ಉತ್ತರ ಪ್ರತಿ-ನೋಟಿಸ್. ಅದರಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು, ಅವು ಎದುರುಗಾರರಿಗೆ ಹೋಗುತ್ತವೆ. ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿದ್ದೇನೆ ಎಂದೂ ಬರೆಯಬೇಕು. ಅಲ್ಲಿಂದ 10 ಕೆಲಸದ ದಿನಗಳೊಳಗೆ ಅವರು ದಾವೆ ಹೂಡಿದ ದಾಖಲೆ ಕೊಡದಿದ್ದರೆ ವಿಡಿಯೊ ಮರಳುತ್ತದೆ.

ಮಾಲೀಕತ್ವದ ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಬರೆದವರ ಹಕ್ಕು ಅವರು ತೀರಿದ ಮುಂದಿನ ಜನವರಿಯಿಂದ 60 ವರ್ಷ. ಮಡಿವಾಳಪ್ಪನವರು ಹೋಗಿ ಅದರ ಎರಡು ಪಟ್ಟಿಗೂ ಹೆಚ್ಚು ಕಾಲವಾಯಿತು. ಹನ್ನೆರಡನೇ ಶತಮಾನದ ವಚನಗಳನ್ನಂತೂ ಕೇಳುವುದೇ ಬೇಡ. ವಚನಗಳನ್ನು ಹುಡುಕಿ ಅಚ್ಚು ಹಾಕಿದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿದರು. ಆದ್ದರಿಂದ 2025ರ ಜನವರಿ 1ರಿಂದ ಅವರ ಸ್ವಂತ ಬರಹಗಳೂ ಎಲ್ಲರವು. ಆದರೆ ಧ್ವನಿಮುದ್ರಿಕೆಗೆ ಅದರದೇ ಲೆಕ್ಕ: ಬಿಡುಗಡೆಯಾದ ಮುಂದಿನ ಜನವರಿಯಿಂದ 60 ವರ್ಷ. ಎಂಬತ್ತರ ದಶಕದ ಕ್ಯಾಸೆಟ್ ಇನ್ನೂ ಕಂಪನಿಯದೇ. ಕ್ಯಾಸೆಟ್ಟಿಗೆಂದೇ ಸಂಗೀತ ನಿರ್ದೇಶಕರು ಕಟ್ಟಿದ ಹೊಸ ಧಾಟಿಯನ್ನು ನೀವು ಹಾಡಿದ್ದರೆ, ಪದ ಬಿಟ್ಟಿ, ಧಾಟಿ ಬಿಟ್ಟಿಯಲ್ಲ. ಹಿರಿಯರನ್ನು ಕೂಡಿಸಿ ‘ಈ ಧಾಟಿ ಎಲ್ಲಿಂದ ಬಂತು’ ಎಂದು ಕೇಳಿಕೊಂಡೇ ತಕರಾರು ಹಾಕಿ. ಹಾಡಿದವರಿಗೂ ತಮ್ಮ ಗಾಯನದ ಮೇಲೆ 50 ವರ್ಷದ ಹಕ್ಕಿದೆ. ಮೇಳದವರಿಂದ ಒಂದು ಹಾಳೆಯ ಮೇಲೆ ಒಪ್ಪಿಗೆ ಸಹಿ ಹಾಕಿಸಿಕೊಂಡಿರಿ. ಫೋನಿನಲ್ಲಿರುವ ಮೂಲ ಫೈಲನ್ನು ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ದಿನಾಂಕದ ಗುರುತು ಉಳಿಯುವುದಿಲ್ಲ.

ಎಂಜಿನಿಯರಿಂಗ್ ಓದುತ್ತಿದ್ದೇನೆ. ವಿಡಿಯೊದ ಡಿಜಿಟಲ್ ಬೀಗ ತೆರೆಯುವ ಪ್ರೋಗ್ರಾಂ ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಇಟ್ಟರೆ ಅಪರಾಧವೇ? ಕೋಡ್ ಬರೆಯುವುದೂ ಒಂದು ಬಗೆಯ ಮಾತು, ಅದಕ್ಕೆ ವಾಕ್ ಸ್ವಾತಂತ್ರ್ಯವಿದೆ ಎಂದು ಗೆಳೆಯ ವಾದಿಸುತ್ತಾನೆ.
— ವಿದ್ಯಾರ್ಥಿ, ಬೀದರ್

ಗೆಳೆಯನ ಮಾತು ಅರ್ಧ ಸರಿ. ಆ ಅರ್ಧ ಅಮೆರಿಕದಲ್ಲಿ ತೀರ್ಮಾನವಾದದ್ದು, ಡಿವಿಡಿಯ ಮೇಲೆ.

ಡಿವಿಡಿ ಸಿನಿಮಾಗಳಿಗೆ ಸಿಎಸ್‌ಎಸ್ ಎಂಬ ಬೀಗ ಇತ್ತು. ಕೀಲಿಯ ಉದ್ದ 40 ಬಿಟ್, ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಆದರೆ ವಿನ್ಯಾಸದ ದೋಷದಿಂದ ಸುಮಾರು 3.36 ಕೋಟಿ ಪ್ರಯತ್ನಗಳಲ್ಲೇ ಡಿಸ್ಕಿನ ಕೀಲಿ ಸಿಗುವ ದಾರಿ ಬಯಲಾಯಿತು; ಆಗಿನ ಸಾಧಾರಣ ಕಂಪ್ಯೂಟರಿಗೂ ಅದು ಭಾರವಲ್ಲ. ಅದಕ್ಕೂ ಮೊದಲೇ ಒಂದು ಪ್ಲೇಯರ್ ತಂತ್ರಾಂಶ ತನ್ನ ಕೀಲಿಯನ್ನು ಸರಿಯಾಗಿ ಮುಚ್ಚಿಡದೆ ಸಿಕ್ಕಿಬಿದ್ದಿತ್ತು. ಹೀಗೆ 1999ರ ಅಕ್ಟೋಬರಿನಲ್ಲಿ ಆ ಬೀಗ ತೆರೆಯುವ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಂ ಹೊರಬಂತು. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಬಳಸುವವರಿಗೆ ದುಡ್ಡು ಕೊಟ್ಟು ಕೊಂಡ ಡಿವಿಡಿ ನೋಡಲೂ ಅಧಿಕೃತ ದಾರಿ ಇರಲಿಲ್ಲ ಎಂಬುದು ಅದನ್ನು ಸಮರ್ಥಿಸಿದವರ ವಾದ.

‘2600’ ಎಂಬ ಹ್ಯಾಕರ್ ಪತ್ರಿಕೆ ಆ ಕೋಡನ್ನು ತನ್ನ ತಾಣದಲ್ಲಿ ಪ್ರಕಟಿಸಿತು. ಸಿನಿಮಾ ಕಂಪನಿಗಳು 2000ದ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದವು. ಅಸ್ತ್ರ 1998ರ ಡಿಎಂಸಿಎ ಕಾಯ್ದೆ: ಅಲ್ಲಿ ಬೀಗ ಒಡೆಯುವುದಷ್ಟೇ ಅಲ್ಲ, ಒಡೆಯುವ ಉಪಕರಣ ಹಂಚುವುದೂ ತಪ್ಪು. ಅದೇ ಆಗಸ್ಟಿನಲ್ಲಿ ಪತ್ರಿಕೆ ಸೋತಿತು. 2001ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇದು: ಕೋಡ್ ಮಾತೇ ಹೌದು, ಆದರೆ ಅದು ಕೆಲಸವನ್ನೂ ಮಾಡುತ್ತದೆ, ಆ ಕೆಲಸದ ಮೇಲೆ ಕಾನೂನು ಕೈ ಇಡಬಹುದು. ಬೇರೆ ಕಡೆ ಇರುವ ಕೋಡಿಗೆ ಲಿಂಕ್ ಕೊಡುವುದಕ್ಕೂ ನಿಷೇಧ ಬಿತ್ತು. ಇದು ಸಿಟ್ಟು ತರಿಸುವಂಥದ್ದೇ. ಜನ ಕೋಡನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು, ಪದ್ಯ ಮಾಡಿದರು. ಗಣಿತಜ್ಞರೊಬ್ಬರು ಅದೇ ಕೋಡ್ ಅಡಗಿರುವ 1,400ಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಂಖ್ಯೆಯನ್ನೇ ಹುಡುಕಿ ಕೊಟ್ಟರು. ಸಂಖ್ಯೆಯನ್ನು ನಿಷೇಧಿಸುತ್ತೀರಾ ಎಂಬ ಪ್ರಶ್ನೆಗೆ ಇವತ್ತಿಗೂ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಇತ್ತ ನಾರ್ವೆಯಲ್ಲಿ ಅದೇ ಪ್ರೋಗ್ರಾಮಿಗಾಗಿ ಕಟಕಟೆ ಹತ್ತಿದ ಯುವಕ ಯೋನ್ ಲೆಕ್ ಯೋಹಾನ್ಸನ್ 2003ರಲ್ಲಿ ಎರಡು ಹಂತದಲ್ಲೂ ಖುಲಾಸೆಯಾದ. ತಾನು ಕೊಂಡ ಡಿಸ್ಕನ್ನು ತಾನು ತೆರೆಯುವುದು ಕಳ್ಳತನವಲ್ಲ ಎಂದಿತು ಅಲ್ಲಿಯ ನ್ಯಾಯಾಲಯ.

ನಮ್ಮ ಕಾನೂನು ಇವೆರಡರ ನಡುವೆ ಇದೆ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ‘ಉದ್ದೇಶದಿಂದ’ ಎಂಬ ಪದವೇ ಇಲ್ಲಿ ಪ್ರಾಣ. ಕಾನೂನುಬದ್ಧವಾಗಿ ಪಡೆದ ಪ್ರತಿಯ ಮೇಲೆ ಗೂಢಲಿಪಿ ಸಂಶೋಧನೆ ಮಾಡಲು, ಮಾಲೀಕರ ಅನುಮತಿಯಿಂದ ಭದ್ರತಾ ಪರೀಕ್ಷೆ ಮಾಡಲು ಅದೇ ಕಲಂ ವಿನಾಯಿತಿ ಕೊಡುತ್ತದೆ. ಉಪಕರಣ ಹಂಚುವುದನ್ನೇ ಅಪರಾಧ ಎನ್ನುವ ಪ್ರತ್ಯೇಕ ಸಾಲು ಅದರಲ್ಲಿಲ್ಲ. ಆದರೆ ಗಿಟ್‌ಹಬ್ ಅಮೆರಿಕದ ಕಂಪನಿ. ನೀವು ಬೀದರಿನಲ್ಲಿ ಕೂತಿದ್ದರೂ ಫೈಲು ಡಿಎಂಸಿಎ ನೆರಳಿನಲ್ಲಿರುತ್ತದೆ. 2020ರ ಅಕ್ಟೋಬರಿನಲ್ಲಿ ವಿಡಿಯೊ ಇಳಿಸಿಕೊಳ್ಳುವ ಯೂಟ್ಯೂಬ್-ಡಿಎಲ್ ಎಂಬ ಪ್ರೋಗ್ರಾಂ ಹಾಗೇ ಮಾಯವಾಗಿ ನವೆಂಬರಿನಲ್ಲಿ ಮರಳಿತು. ಎಡವಿದ್ದೆಲ್ಲಿ ನೋಡಿ: ಪರೀಕ್ಷಾ ಫೈಲುಗಳಲ್ಲಿ ಹೆಸರಾಂತ ಗಾಯಕರ ಹಾಡುಗಳ ವಿಳಾಸ ಹಾಕಿದ್ದರು. ಮ್ಯೂಸಿಕ್ ಕಂಪನಿಗಳ ಸಂಘ ಬೊಟ್ಟು ಮಾಡಿದ್ದು ಅದಕ್ಕೂ ಸೇರಿ. ನೀವು ಪರೀಕ್ಷೆಗೆ ಸ್ವಂತ ಶೂಟ್ ಮಾಡಿದ ವಿಡಿಯೊ ಬಳಸಿ, ಉದ್ದೇಶವನ್ನು ರೀಡ್‌ಮಿ ಕಡತದಲ್ಲಿ ಎರಡು ಸಾಲು ಬರೆಯಿರಿ, ಇನ್ನೊಬ್ಬರ ಕೀಲಿಯನ್ನು ಕೋಡಿನೊಳಗೆ ತುರುಕಬೇಡಿ. ‘ಇದರಿಂದ ಹೊಸ ಸಿನಿಮಾ ಇಳಿಸಿಕೊಳ್ಳಬಹುದು’ ಎಂದು ತಮಾಷೆಗೂ ಬರೆಯಬೇಡಿ.

ದೃಷ್ಟಿದೋಷವಿರುವ ವಿದ್ಯಾರ್ಥಿಗೆ ಪಾಠ ಹೇಳುತ್ತೇನೆ. ಕೊಂಡ ಕನ್ನಡ ಇ-ಪುಸ್ತಕವನ್ನು ಸ್ಕ್ರೀನ್ ರೀಡರ್ (ಪರದೆಯ ಅಕ್ಷರವನ್ನು ದನಿಯಾಗಿ ಹೇಳುವ ತಂತ್ರಾಂಶ) ಓದುವುದಿಲ್ಲ. ಬೀಗ ತೆಗೆಸಿದರೆ ತಪ್ಪೇ?
— ಶಿಕ್ಷಕಿ, ಶಹಾಪುರ

ತಪ್ಪಲ್ಲ. ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಕೃತಿಯನ್ನು ತರಲು ಅನುಮತಿ ಇದೆ, ಲಾಭ ಮಾಡಬಾರದು. ಈ ಹಕ್ಕನ್ನು ದೇಶಗಳ ನಡುವೆಯೂ ಸಾರಿದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅಂಗೀಕರಿಸಿದ ದೇಶ ಭಾರತವೇ. ಕಾನೂನು ಒಪ್ಪಿದ ಕೆಲಸಕ್ಕೆ ಬೀಗ ತೆಗೆದರೆ 65ಎ ಅಡ್ಡಬರುವುದಿಲ್ಲ. ಬೇರೆಯವರಿಂದ ತೆಗೆಸಿದರೆ ಮಾತ್ರ, ತೆಗೆದುಕೊಟ್ಟವರು ಯಾರಿಗಾಗಿ, ಯಾವ ಉದ್ದೇಶಕ್ಕೆ ಎಂದು ಹೆಸರು ವಿಳಾಸ ಸಮೇತ ದಾಖಲೆ ಇಡಬೇಕು. ಇನ್ನೂರು ಪುಟದ ನೋಟ್‌ಬುಕ್ ಸಾಕು, ಆದರೆ ಇಡಲೇಬೇಕು.

ಹಾಗಂತ ನಿಮ್ಮ ಪುಸ್ತಕಕ್ಕೆ ಬೀಗವೇ ಇಲ್ಲದಿರಬಹುದು. ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ತಲೆಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆಗಳ ಸಾಲಾಗಿ ಬಂದರೆ ಅದು ನುಡಿಯಂಥ ಹಳೆಯ ಫಾಂಟಿನಲ್ಲಿ ಕಟ್ಟಿದ ಪಿಡಿಎಫ್. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಯುನಿಕೋಡ್ ಪರಿವರ್ತಕದಲ್ಲಿ ಹಾಕಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಉಳಿದದ್ದು ಒತ್ತಕ್ಷರ ಮತ್ತು ಅರ್ಕಾವತ್ತಿನ ತಪ್ಪು ತಿದ್ದುವುದು. ಅಂಟಿಸಿದಾಗ ಏನೂ ಬರದಿದ್ದರೆ ಪುಟಗಳು ಬರೀ ಚಿತ್ರ: 300 ಡಿಪಿಐಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶದಲ್ಲಿ ಕನ್ನಡ ಆರಿಸಿ ಓದಿಸಿ. ಪುಟ ಓರೆಯಾಗಿದ್ದರೆ ಒತ್ತುಗಳು ಕೆಳಗಿನ ಸಾಲಿಗೆ ಸೇರಿಕೊಳ್ಳುತ್ತವೆ, ಮೊದಲು ನೇರ ಮಾಡಿ. ಕೇಳಲು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಅದರ ಈಸ್ಪೀಕ್ ದನಿ ಕನ್ನಡ ಓದುತ್ತದೆ. ದನಿ ಒರಟು, ರೂಢಿಯಾಗಲು ವಾರ ಬೇಕು. ಇಷ್ಟೆಲ್ಲ ಮಾಡುವ ಮೊದಲು ದೃಷ್ಟಿದೋಷವಿರುವವರ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲಿ ಪುಸ್ತಕ ಇದೆಯೇ ನೋಡಿ.

ನಗರದ ರಸ್ತೆಗಳ ಬಗ್ಗೆ ಫೇಸ್‌ಬುಕ್ ಪುಟ ನಡೆಸುತ್ತೇನೆ. ಟಿವಿಯ 20 ಸೆಕೆಂಡಿನ ತುಣುಕು ಹಾಕಿ ಟೀಕಿಸಿದ್ದಕ್ಕೆ ಕಾಪಿರೈಟ್ ನೋಟಿಸ್ ಬಂದಿದೆ. ‘66ಎ ಹಾಕಿಸುತ್ತೇವೆ’ ಎಂದೂ ಒಬ್ಬರು ಹೆದರಿಸಿದ್ದಾರೆ.
— ಓದುಗರು, ಕಲಬುರಗಿ

ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ಹೇಳುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಈಗ ಇಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಆ ಬೆದರಿಕೆಯ ಸಂದೇಶವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟು ಮರೆತುಬಿಡಿ.

ನೋಟಿಸನ್ನು ಮರೆಯಬೇಡಿ. ವಿಮರ್ಶೆಗೆ, ಪ್ರಚಲಿತ ಘಟನೆಯ ವರದಿಗೆ ನ್ಯಾಯವಾದ ಬಳಕೆಗೆ ಅವಕಾಶ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿದೆ. ‘30 ಸೆಕೆಂಡಿನೊಳಗಿದ್ದರೆ ತೊಂದರೆಯಿಲ್ಲ’ ಎಂಬುದು ಮಾತ್ರ ಕಟ್ಟೆಮಾತು. ಅಂಥ ಅಳತೆ ಕಾಯ್ದೆಯಲ್ಲಿಲ್ಲ. ತುಣುಕಿನ ಮೇಲೆ ನಿಮ್ಮ ಮಾತು ಇದೆಯೇ, ಟೀಕೆಗೆ ಬೇಕಾದಷ್ಟೇ ತೆಗೆದಿದ್ದೀರಾ, ಚಾನೆಲ್ಲಿನ ಹೆಸರು ಹೇಳಿದ್ದೀರಾ ಎಂಬುದನ್ನು ನೋಡುತ್ತಾರೆ. ಬರೀ ತುಣುಕು ಹಾಕಿ ಮೇಲೆ ನಗುವ ಇಮೋಜಿ ಅಂಟಿಸಿದ್ದರೆ ವಾದ ನಿಲ್ಲುವುದು ಕಷ್ಟ. ನೋಟಿಸಿನಲ್ಲಿ ಹುರುಳಿಲ್ಲದಿದ್ದರೆ ಅದೇ ಕಾಯ್ದೆಯ 60ನೇ ಕಲಂ ಅಡಿಯಲ್ಲಿ, ಆಧಾರವಿಲ್ಲದ ಬೆದರಿಕೆ ಎಂದು ನೀವೇ ಕೋರ್ಟಿಗೆ ಹೋಗಬಹುದು. ಉತ್ತರವನ್ನು ವಕೀಲರ ಕೈಯಲ್ಲಿ ಬರೆಸಿ. ‘ಕ್ಷಮಿಸಿ, ತಪ್ಪಾಯಿತು’ ಎಂದು ವಾಟ್ಸ್ಆ್ಯಪ್ ಮಾಡಿಬಿಟ್ಟರೆ ನಾಳೆ ಅದೇ ಸಾಕ್ಷಿ.

ಸರ್ಕಾರಿ ತಾಣವೊಂದರ ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಬೇರೆಯವರ ಅರ್ಜಿ ಕಾಣುತ್ತದೆ. ತಿಳಿಸಿದರೆ ನನ್ನ ಮೇಲೇ ಕೇಸ್ ಬೀಳುತ್ತದೆಯೇ?
— ಓದುಗರು, ಯಾದಗಿರಿ

ಬೀಳುವ ಸಾಧ್ಯತೆ ಇದೆ, ಅದಕ್ಕೇ ಇನ್ನೊಂದು ಅಂಕಿ ಬದಲಿಸಿ ನೋಡಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಅನುಮತಿಯಿಲ್ಲದ ಪ್ರವೇಶವೇ ಸಾಕು, ಕೆಟ್ಟ ಉದ್ದೇಶ ಬೇಕಿಲ್ಲ, ಪರಿಹಾರ ಕಟ್ಟಿಸಬಹುದು. ಅದೇ ಕೆಲಸ ಮೋಸದಿಂದ ಮಾಡಿದ್ದು ಎಂದಾದರೆ 66ನೇ ಕಲಂ: 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಂಡ ಅರ್ಜಿಗಳನ್ನು ಡೌನ್‌ಲೋಡ್ ಮಾಡಿಕೊಳ್ಳಬೇಡಿ, ಗೆಳೆಯರ ಗುಂಪಿಗೆ ಹಾಕಬೇಡಿ. ಕಂಡ ದಿನಾಂಕ, ಸಮಯ, ಪುಟದ ವಿಳಾಸ, ಯಾವ ಅಂಕಿ ಬದಲಾದಾಗ ಏನಾಯಿತು ಎಂಬುದನ್ನು ಐದಾರು ಸಾಲಿನಲ್ಲಿ ಬರೆದು, ಹೆಸರು ಫೋನ್ ನಂಬರುಗಳನ್ನು ಮಸಿಮಾಡಿದ ಒಂದೇ ಒಂದು ಸ್ಕ್ರೀನ್‌ಶಾಟ್ ಜೊತೆ ಸರ್ಟ್-ಇನ್ ಸಂಸ್ಥೆಗೆ ಇಮೇಲ್ ಮಾಡಿ. ಇಂಥ ದೋಷಗಳ ವರದಿ ಪಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ಅದೇ. ಅವರಿಂದ ಬಂದ ಉಲ್ಲೇಖ ಸಂಖ್ಯೆಯನ್ನು ಜೋಪಾನವಾಗಿಡಿ. ಸರಿಪಡಿಸಿದ್ದಾರೆ ಎಂದು ಗೊತ್ತಾಗುವವರೆಗೆ ಪತ್ರಿಕೆಗೂ ಬರೆಯಬೇಡಿ. ನಿಮ್ಮ ಪತ್ರದಲ್ಲಿದ್ದ ತಾಣದ ಹೆಸರನ್ನು ಇಲ್ಲಿ ಬಿಟ್ಟಿರುವುದು ಅದಕ್ಕೇ.