ಎಮ್ಮಿ ನಮ್ಮವು, ಹಾಲು ಡೇರಿದು

ಸಸ್ಯಾಹಾರ ಸಾಕಾಗುತ್ತಾ, ಮಾಂಸ ತಿನ್ನಲೇಬೇಕಾ? ಈ ಪ್ರಶ್ನೆ ಆಪ್ತಸಲಹೆಯ ಕೋಣೆಗೂ ಬರುತ್ತದೆ ಅಂತ ನಾನು ಓದುವಾಗ ಯಾರೂ ಹೇಳಿರಲಿಲ್ಲ. ವಿಜಯಪುರದಲ್ಲಿ ಕೆಲಸ ಶುರು ಮಾಡಿದ ಮೇಲೆ ಪದೇ ಪದೇ ಬರುತ್ತಿದೆ. ಸೊಸೆಯ ಜೊತೆಗಿನ ಜಗಳವಾಗಿ ಬರುತ್ತದೆ, ಮಗುವಿನ ತೂಕದ ಚಿಂತೆಯಾಗಿ ಬರುತ್ತದೆ. ಈ ಸಲ ತಾಯಿ ಮಗನ ಮುನಿಸಾಗಿ ಬಂತು. ಬರೆಯಲು ಇನ್ನೊಂದು ಕಾರಣವೂ ಇದೆ. ಮೊದಲ ಎರಡು ಭೇಟಿಗಳಲ್ಲಿ ಕೇಳಲೇಬೇಕಿದ್ದ ಒಂದು ಮಾತನ್ನು ನಾನು ಕೇಳಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಆ ತಾಯಿಗೆ ಐವತ್ತರ ಹತ್ತಿರದ ವಯಸ್ಸು. ಜಿಲ್ಲೆಯ ಒಂದು ಹಳ್ಳಿ. ಹೊಲ, ಎರಡು ಎಮ್ಮೆ, ಗಂಡ, ಮೈದುನನ ಸಂಸಾರ. ಒಬ್ಬನೇ ಮಗ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಆಕೆಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ, ಅದಕ್ಕೆ ಮೆಟ್‌ಫಾರ್ಮಿನ್ ಗುಳಿಗೆ. ಒಂದು ವರ್ಷದಿಂದ ಸುಮ್ನೆ ಅಳು ಬರುವುದು, ಸಣ್ಣ ಮಾತಿಗೆ ಸಿಡುಕುವುದು, ಒಲೆಯ ಮೇಲೆ ಪಾತ್ರೆ ಇಟ್ಟು ಮರೆಯುವುದು. ಅಂಗಾಲು ಉರಿ, ಬೆರಳುಗಳಲ್ಲಿ ಜೋಮು, ಖಾರ ತಿಂದರೆ ನಾಲಿಗೆ ಉರಿ. ಮಗ ಊರು ಬಿಟ್ಟು ಹೋದ ದುಃಖ ಇರಬೇಕು ಅಂತ ಮನೆಯವರು ಅಂದುಕೊಂಡರು. ನಾನೂ ಅದನ್ನೇ ನಂಬಿ ಎರಡು ಭೇಟಿ ಅದರ ಸುತ್ತಲೇ ಮಾತಾಡಿದೆ.

ಮೂರನೆಯ ಸಲ ಮಗನೂ ಬಂದ. ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ. ಬಿ12 ಜೀವಸತ್ವ 120ರ ಆಸುಪಾಸು ಇತ್ತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಸಿಡುಕು, ಮರೆವು, ಜೋಮು, ನಾಲಿಗೆ ಉರಿ ಈ ಕೊರತೆಯಿಂದಲೂ ಬರುತ್ತವೆ. ಪರೀಕ್ಷೆ ಎರಡು ತಿಂಗಳ ಹಿಂದಿನದು. ಅಂದರೆ ನನ್ನ ಹತ್ತಿರ ಬರುವ ಮೊದಲೇ ಅದು ಮನೆಯಲ್ಲಿತ್ತು. ನಾನು ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ.

"ಮೇಡಂ, ನೀವಾದ್ರೂ ಹೇಳ್ರಿ. ದಿನಾ ಎರಡು ತತ್ತಿ ತಿಂದ್ರ ಎಲ್ಲಾ ಸರಿ ಹೊಕ್ಕೈತಿ. ಅವ್ವ ಕೇಳವಲ್ಲಳು. ಈ ರೊಟ್ಟಿ ಹಿಂಡಿ ಊಟದಾಗ ಏನೂ ಇಲ್ಲ ಅಂತ ರಿಪೋರ್ಟಿನಾಗ ಬಂದೈತಿ."

"ಕೊರಳಾಗ ಲಿಂಗ ಐತ್ರಿ. ಸತ್ರೂ ತಿನ್ನಂಗಿಲ್ಲ" ಅಂದರು ತಾಯಿ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮವ್ವ ಎಂಬತ್ತು ವರ್ಷ ಇದ್ದಳ್ರಿ. ತತ್ತಿ ಮುಟ್ಟಿದ್ದಿಲ್ಲ. ಇದ ರೊಟ್ಟಿ, ಇದ ಹಿಂಡಿ. ಗಂಡಸರ ಸರಿ ಹೊಲದಾಗ ದುಡಿದಾಳ. ಆಕಿ ಊಟದಾಗ ಏನೂ ಇದ್ದಿದ್ದಿಲ್ಲೇನು?"

ಕಣ್ಣಲ್ಲಿ ನೀರಿತ್ತು. ಮಗ ಹೇಳುತ್ತಿದ್ದದ್ದು ಮೊಟ್ಟೆಯ ಮಾತು. ಆಕೆಗೆ ಕೇಳಿಸುತ್ತಿದ್ದದ್ದು ತನ್ನ ಅವ್ವನ ಕೈ ಊಟಕ್ಕೆ ಬಂದ ಅವಮಾನ. ಇಬ್ಬರಲ್ಲಿ ಯಾರ ಪರ ಮಾತಾಡಿದರೂ ಇನ್ನೊಬ್ಬರು ಎದ್ದು ಹೋಗುತ್ತಿದ್ದರು. ಹಾಗಾಗಿ ವಾದ ಬಿಟ್ಟು ಒಂದೇ ಪ್ರಶ್ನೆ ಕೇಳಿದೆ. "ಅಕ್ಕಾರ, ನಿನ್ನಿ ಮುಂಜಾನಿಂದ ರಾತ್ರಿತನಕ ನೀವು ಏನೇನು ಉಂಡ್ರಿ? ಮನಿಯವರದ್ದು ಬ್ಯಾಡ. ನಿಮ್ಮದಷ್ಟ ಹೇಳ್ರಿ."

"ಎಲ್ಲಾರು ಉಂಡದ್ದ ಉಂಡೀನ್ರಿ."

"ಹಂಗಲ್ಲ. ಎದ್ದ ಕೂಡಲೇ?"

ನಿಧಾನಕ್ಕೆ ಹೊರಗೆ ಬಂತು. ಎದ್ದ ಕೂಡಲೇ ಚಹಾ. ಬುತ್ತಿ ಕಟ್ಟಿದ ಮೇಲೆ ಇನ್ನೊಂದು ಚಹಾ. ಮಧ್ಯಾಹ್ನ ಒಂದೂವರೆ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೇಲೊಂದು ಚಹಾ. ಪಲ್ಯೆ? "ಹೊಲಕ್ಕ ಬುತ್ತಿ ಹೋದ ಮ್ಯಾಲೆ ತಳದಾಗ ಇದ್ರ ಹಚ್ಚಿಕೊಳ್ಳೋದ್ರಿ." ಬೇಳೆ? "ರಾತ್ರಿ ಸಾರು ಇತ್ರಿ. ಬ್ಯಾಳಿ ಗಟ್ಟೀದು ಹುಡುಗೂರಿಗೆ ಹಾಕ್ತೀವಿ, ಮ್ಯಾಲಿನ ತಿಳಿ ನನಗ ಸಾಕು." ಮೊಸರು? "ಅವರಪ್ಪಗ ಬೇಕ್ರಿ. ಅದಿಲ್ದ ಕೈ ತೊಳಿಯಂಗಿಲ್ಲ." ಮಜ್ಜಿಗೆ? "ಉಳಿದ್ರ ಕುಡೀತೀನ್ರಿ."

"ಮನ್ಯಾಗ ಎರಡು ಎಮ್ಮಿ ಅದಾವಲ್ಲ?"

ಆಕೆ ನಕ್ಕರು. "ಎಮ್ಮಿ ನಮ್ಮವ್ರಿ, ಹಾಲು ಡೇರಿದು."

ಅದರಲ್ಲಿ ದೂರು ಇರಲಿಲ್ಲ. ಇವತ್ತು ಸೋಮವಾರ ಅಂದಷ್ಟು ಸಲೀಸಾಗಿ ಹೇಳಿದರು. ಮಗ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವ, ನೀ ಯಾವಾಗ ಉಣ್ತೀಯಂತನ ನನಗ ಗೊತ್ತಿಲ್ಲ. ನಾ ನೋಡೇ ಇಲ್ಲ" ಅಂದ.

"ನೋಡೂದೇನೈತಿ? ಆ ಹಾಲಿನ ರೊಕ್ಕದಾಗ ನೀ ಓದೀಯಪ್ಪ. ಅದು ಡೇರಿಗೆ ಹೋಗೂದ ಬೇಕಾಗಿತ್ತು."

ಆ ದಿನ ನಾನು ತಕ್ಷಣ ಮಾತಾಡಲಿಲ್ಲ. ಇಬ್ಬರೂ ಅತ್ತರು. ಅಳಲು ಬಿಟ್ಟೆ.

ನಾನು ಸಸ್ಯಾಹಾರಿ ಮನೆಯಲ್ಲಿ ಬೆಳೆದವಳು. ಈಗಲೂ ಮಾಂಸ ತಿನ್ನುವುದಿಲ್ಲ. ಇದನ್ನು ಮೊದಲೇ ಹೇಳುವುದು ನ್ಯಾಯ. ನಮ್ಮ ಕಡೆಯ ಊಟದ ಮೇಲೆ ನನಗೆ ಪ್ರೀತಿ ಇದೆ, ಅದಕ್ಕೆ ಕಾರಣವೂ ಇದೆ. ಜೋಳದಲ್ಲಿ ಲೈಸೀನ್ ಅನ್ನುವ ಪ್ರೋಟೀನಿನ ಒಂದು ಘಟಕ ಕಡಿಮೆ. ಹೆಸರು, ಮಡಕಿ, ಅಲಸಂದಿ, ತೊಗರಿಯಲ್ಲಿ ಅದು ಬೇಕಾದಷ್ಟಿದೆ. ಬೇಳೆಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅನ್ನುವ ಇನ್ನೊಂದು ಘಟಕವನ್ನು ಜೋಳ ತುಂಬಿಕೊಡುತ್ತದೆ. ರೊಟ್ಟಿಯ ಜೊತೆ ಕಾಳುಪಲ್ಯೆ ಇಟ್ಟವರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಆದರೆ ಜೋಡಿ ಸರಿಯಾಗಿತ್ತು. ಮೇಲೆ ಮೊಸರು ಬಂದರೆ, ಹೊಟ್ಟೆ ತುಂಬ ಉಂಡವರಿಗೆ ಪ್ರೋಟೀನಿನ ಮಟ್ಟಿಗೆ ಆ ತಾಟು ಸಾಕಾಗುತ್ತದೆ, ಮಾಂಸವೇ ಬೇಕೆಂದಿಲ್ಲ.

ಆದರೆ ಆ ತಾಟು ಆಕೆಯ ಮುಂದೆ ಇರಲಿಲ್ಲ. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ ಅದು. ರೊಟ್ಟಿ, ಒಂದು ಚಮಚ ಹಿಂಡಿ, ತಿಳಿ ಸಾರು ಸೇರಿಸಿ ಎಷ್ಟು ಎಳೆದರೂ ಆಕೆಯದ್ದು 30ರ ಹತ್ತಿರ ನಿಲ್ಲುತ್ತಿತ್ತು. ಊರೆಲ್ಲ "ಅವರು ಸಸ್ಯಾಹಾರಿಗಳು" ಅನ್ನುತ್ತದೆ. ಗಂಡನೂ ಸಸ್ಯಾಹಾರಿ, ಆಕೆಯೂ ಸಸ್ಯಾಹಾರಿ. ಇಬ್ಬರ ಊಟ ಒಂದೇನಾ?

ಮಗನ ಮಾತಿನಲ್ಲಿ ಒಂದು ನಿಜ ಇತ್ತು. ಅದನ್ನು ನಾನು ಮುಚ್ಚಿಡಲಿಲ್ಲ. ಬಿ12 ಯಾವ ಕಾಳು, ಸೊಪ್ಪು, ಹಣ್ಣಿನಲ್ಲೂ ನಂಬುವ ಹಾಗೆ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. ಇದನ್ನು ಹೇಳಿದಾಗ ತಾಯಿಯ ಮುಖ ಬಾಡಿತು. ಆಗ ಎಮ್ಮೆಯ ಕಥೆಯನ್ನೇ ಹೇಳಿದೆ. ಬಿ12 ಎಮ್ಮೆಯೂ ಮಾಡುವುದಿಲ್ಲ, ಕೋಳಿಯೂ ಮಾಡುವುದಿಲ್ಲ. ಅದನ್ನು ಮಾಡುವುದು ಸೂಕ್ಷ್ಮಜೀವಿಗಳು. ಎಮ್ಮೆ ಕಣಿಕೆ ಮೇಯ್ದು ಮೆಲುಕು ಹಾಕುತ್ತದಲ್ಲ, ಅದರ ಹೊಟ್ಟೆಯ ದೊಡ್ಡ ಚೀಲದಲ್ಲಿ ಕೋಟಿಗಟ್ಟಲೆ ಅಂಥ ಜೀವಿಗಳಿವೆ. ಅವು ಮಾಡಿದ ಬಿ12 ಎಮ್ಮೆಯ ರಕ್ತ ಸೇರುತ್ತದೆ, ಅಲ್ಲಿಂದ ಹಾಲಿಗೆ ಇಳಿಯುತ್ತದೆ. ನಮ್ಮ ಕರುಳಿನಲ್ಲೂ ಅಂಥವು ಇವೆ, ಆದರೆ ತೀರಾ ಕೆಳಗೆ. ಅಲ್ಲಿ ತಯಾರಾದದ್ದು ನಮಗೆ ಹೀರಿಕೊಳ್ಳಲು ಬರುವುದಿಲ್ಲ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 2 ಮೈಕ್ರೋಗ್ರಾಂ ಸಿಗುತ್ತದೆ. ದಿನದ ಅಗತ್ಯವೂ ಹೆಚ್ಚುಕಡಿಮೆ ಅಷ್ಟೇ.

"ಅಂದ್ರ ದಿನಾ ಡೇರಿಗೆ ಕೊಟ್ಟು ಬಂದೀನಿ" ಅಂದರು.

ಹೌದು. ನಾನು ಕೇಳಿಸಿಕೊಂಡ ಮಾತುಗಳಲ್ಲಿ ನನ್ನನ್ನು ಬಹಳ ಕಾಲ ಕಾಡಿದ ಮಾತು ಅದು.

ಅವರ ಅವ್ವನ ಬಗ್ಗೆಯೂ ಹೇಳಬೇಕಿತ್ತು. ಆ ಕಾಲದಲ್ಲಿ ಊರಿಗೆ ಡೇರಿ ಇರಲಿಲ್ಲ. ಬೆಣ್ಣೆ ತೆಗೆದ ಮಜ್ಜಿಗೆ ಗಡಿಗೆಗಟ್ಟಲೆ ಮನೆಯಲ್ಲೇ ಉಳಿಯುತ್ತಿತ್ತು. ಇನ್ನೊಂದು ಮಾತೂ ಇದೆ. ಆಗಿನ ಅಂಗಾಲು ಉರಿ, ಮರೆವು, ಸುಸ್ತನ್ನು ಯಾರೂ ರಕ್ತ ತೆಗೆದು ನೋಡಲಿಲ್ಲ. "ವಯಸ್ಸಾಯ್ತು" ಅಂತ ಬಿಟ್ಟರು. ಎಷ್ಟು ಅಜ್ಜಿಯರು ಹಾಗೆಯೇ ನರಳಿದರೋ.

ಅಷ್ಟರಲ್ಲಿ ಇನ್ನೊಂದು ಗಂಟು ಬಿಚ್ಚಿತು. ವೈದ್ಯರು ಆಗಲೇ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಆಕೆ ನಾಲ್ಕು ದಿನ ನುಂಗಿ ಬಿಟ್ಟಿದ್ದರು. ಅದರ ಮೇಲಿನ ಕವಚ ದನದ ಎಲುಬಿನಿಂದ ಮಾಡಿದ್ದು ಅಂತ ಪಕ್ಕದ ಮನೆಯವರು ಹೇಳಿದ್ದರಂತೆ. ಮಗನಿಗೆ ಸಿಟ್ಟು ಬಂತು. "ಅಂಥಾದ್ದೆಲ್ಲಾ ನಂಬ್ತಿ ನೀನು!" ನಾನು ಅವನನ್ನು ತಡೆದೆ. ಏಕೆಂದರೆ ಆ ಪಕ್ಕದ ಮನೆಯವರು ಸುಳ್ಳು ಹೇಳಿರಲಿಲ್ಲ. ಬಹಳಷ್ಟು ಕ್ಯಾಪ್ಸೂಲ್‌ಗಳ ಕವಚ ಜೆಲಾಟಿನ್‌ನದು. ಜೆಲಾಟಿನ್ ಪ್ರಾಣಿಗಳ ಎಲುಬು, ಚರ್ಮದಿಂದ ಬರುತ್ತದೆ. "ಔಷಧಕ್ಕೆ ಏನೂ ನಡೆಯುತ್ತದೆ, ಕಣ್ಣು ಮುಚ್ಚಿ ನುಂಗಿ" ಅಂತ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಆಕೆ ತಲೆ ಆಡಿಸಿ ಮನೆಗೆ ಹೋಗಿ ಗುಳಿಗೆ ತಿಪ್ಪೆಗೆ ಹಾಕುತ್ತಾರೆ. ನಂಬಿಕೆಯನ್ನು ಬೈದು ಯಾರಿಗೂ ಔಷಧ ಕುಡಿಸಲು ಆಗಿಲ್ಲ.

ಕವಚದ ಒಳಗಿನ ಬಿ12 ಬೇರೆ ವಿಷಯ. 1920ರ ದಶಕದಲ್ಲಿ ಒಂದು ಬಗೆಯ ಮಾರಕ ರಕ್ತಹೀನತೆಗೆ ಅಮೆರಿಕದ ವೈದ್ಯರು ರೋಗಿಗಳಿಗೆ ದಿನಾ ಪ್ರಾಣಿಗಳ ಯಕೃತ್ತನ್ನೇ ತಿನ್ನಿಸುತ್ತಿದ್ದರು. ಅದಕ್ಕೆ 1934ರಲ್ಲಿ ನೊಬೆಲ್ ಬಂತು. 1948ರಲ್ಲಿ ಆ ಯಕೃತ್ತಿನೊಳಗಿನ ಗುಣಕಾರಿ ವಸ್ತುವನ್ನೇ ಬೇರ್ಪಡಿಸಿದರು, ಅದೇ ಬಿ12. ಈಗ ಅದನ್ನು ದೊಡ್ಡ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ತೆಗೆಯುತ್ತಾರೆ, ಇಡ್ಲಿ ಹಿಟ್ಟು ಹುದುಗು ಬಂದ ಹಾಗೆ. ಎಮ್ಮೆಯ ಹೊಟ್ಟೆಯಲ್ಲಿ ಆಗುವ ಕೆಲಸವೇ ತೊಟ್ಟಿಯಲ್ಲಿ ಆಗುತ್ತದೆ. ಇದನ್ನು ಕೇಳಿ ಆಕೆ, "ಹಂಗಾದ್ರ ಸೂಜಿ ಹಾಕಿಸ್ಕೊಂತೀನಿ" ಅಂದರು. ಅವರ ಒಪ್ಪಿಗೆ ಪಡೆದು ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಇಂಜೆಕ್ಷನ್ನಿಗೆ ಬದಲಿಸಿದರು. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ ಅಂತಲೂ ನೆನಪಿಸಿದರು. ಹಾಗಂತ ಆ ಗುಳಿಗೆಯನ್ನು ಬಿಡಬಾರದು, ಜೊತೆಗೆ ಬಿ12 ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಕೋಳಿ ತಿನ್ನುವ ಒಬ್ಬ ನಿವೃತ್ತರೂ ನನ್ನ ಹತ್ತಿರ ಬಂದಿದ್ದರು. ಅದೇ ಗುಳಿಗೆ, ಅದೇ ಕೊರತೆ, ಅದೇ ಮರೆವು.

ಇಷ್ಟು ಕೆಳಗಿಳಿದ ಬಿ12 ಬರೀ ಹಾಲಿನಿಂದ ಮೇಲೆ ಬರುವುದಿಲ್ಲ, ಔಷಧ ಬೇಕೇ ಬೇಕು. ಹಾಲು, ಮೊಸರು ಮುಂದಿನ ದಿನಗಳಿಗೆ. ಸಂಜೆ ಕರೆದ ಹಾಲಿನಲ್ಲಿ ಅರ್ಧ ಲೀಟರ್ ಆಕೆಯ ಹೆಸರಿನಲ್ಲಿ ಮನೆಯಲ್ಲಿ ಉಳಿಯಲಿ ಅಂದೆ. ಬುತ್ತಿ ಕಟ್ಟುವ ಮೊದಲು ತಮ್ಮ ಪಾಲಿನ ಕಾಳುಪಲ್ಯೆ ಬೇರೆ ಬಟ್ಟಲಿಗೆ ತೆಗೆದಿಡಲಿ. ಊಟದ ಮೇಲಿನ ಚಹಾ ಒಂದು ತಾಸು ಮುಂದೆ ಹೋಗಲಿ, ಏಕೆಂದರೆ ಸೊಪ್ಪು ಕಾಳಿನ ಕಬ್ಬಿಣ ದೇಹಕ್ಕೆ ಸೇರುವುದನ್ನು ಚಹಾ ತಡೆಯುತ್ತದೆ. ಮಾಂಸದ ಕಬ್ಬಿಣ ಸುಲಭವಾಗಿ ಸೇರುತ್ತದೆ, ನಮ್ಮ ಪುಂಡಿಪಲ್ಯೆ, ಮೆಂತ್ಯದ್ದು ಅಷ್ಟು ಸುಲಭವಲ್ಲ. ಅದಕ್ಕೆ ನಿಂಬೆಹುಳಿ ಸಹಾಯ ಮಾಡುತ್ತದೆ. ಇಂಡಿಯಂಥ ನಿಂಬೆ ಬೆಳೆಯುವ ನೆಲ ನಮ್ಮ ಜಿಲ್ಲೆಯಲ್ಲೇ ಇದೆ. ತಾಟಿಗೆ ಅರ್ಧ ಹೋಳು ಹಿಂಡಿಕೊಳ್ಳುವುದಕ್ಕೆ ಏನು ಖರ್ಚು?

ಮೊಟ್ಟೆ ತಿನ್ನುವಂತೆ ಏಕೆ ಒಪ್ಪಿಸಲಿಲ್ಲ ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ನಮ್ಮ ಊಟದಲ್ಲಿ ಕೊರತೆ ಇದೆ ಅಂತ ಏಕೆ ಹೇಳಿದೆ ಅಂತ ನನ್ನ ಮನೆಯಲ್ಲೇ ಒಬ್ಬ ಹಿರಿಯರು ಬೇಜಾರು ಮಾಡಿಕೊಂಡರು. ಇಬ್ಬರಿಗೂ ನನ್ನ ಉತ್ತರ ಒಂದೇ. ನನ್ನೆದುರು ಕೂತವರು ನಾಳೆಯಿಂದ ಮಾಡಲು ಆಗುವುದನ್ನು ಮಾತ್ರ ನಾನು ಹೇಳುತ್ತೇನೆ, ಮತ್ತು ನಿಜವನ್ನೇ ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ? ಆಗಲೂ ನಾನು ತಿನ್ನುವ ಮಕ್ಕಳಿಗೆ ಮೊಟ್ಟೆ ಸಿಗಲಿ ಅಂದೆ. ತಿನ್ನದ ಮಗುವಿಗೆ ಬಾಳೆಹಣ್ಣು ಕೊಟ್ಟು ಲೆಕ್ಕ ಸರಿಯಾಯಿತು ಅಂದುಕೊಳ್ಳಬೇಡಿ ಅಂತಲೂ ಅಂದೆ. ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಆ ಮಗುವಿಗೆ ಹಾಲು, ಕಾಳು, ಶೇಂಗಾ ಮನೆಯವರು ನೆನಪಿಟ್ಟು ಕೊಡಬೇಕು. ಸಸ್ಯಾಹಾರ ಬೇಡುವುದು ಈ ನೆನಪನ್ನು.

ಮಾಂಸ ತಿಂದ ಮಾತ್ರಕ್ಕೆ ಹೆಂಗಸರು ಗಟ್ಟಿ ಇದ್ದಾರೆ ಅಂತಲೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತು. ದೇಶದಲ್ಲಿ ಸಸ್ಯಾಹಾರಿಗಳು ಅಷ್ಟು ಜನ ಇಲ್ಲ. ಕೋಳಿ ಬೇಯಿಸಿದ ಮನೆಯಲ್ಲೂ ತುಂಡು ಯಾರಿಗೆ, ರಸ ಯಾರಿಗೆ ಅಂತ ಒಮ್ಮೆ ಕೇಳಿ ನೋಡಿ.

ಹೊರಡುವಾಗ ತಾಯಿ ಮೊದಲು ಹೊರಗೆ ಹೋದರು. ಮಗ ಹಿಂದೆ ನಿಂತು, ತಾನು ಪುಣೆಯಲ್ಲಿ ಕೋಳಿ ತಿನ್ನುತ್ತೇನೆ, ಅವ್ವನಿಗೆ ಗೊತ್ತಿಲ್ಲ, ಹೇಳಬೇಕಾ ಅಂತ ಕೇಳಿದ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು ಅಂದೆ. ಆದರೆ ಅವ್ವ ತತ್ತಿ ತಿಂದರೆ ನಿನ್ನ ಮನಸ್ಸು ಹಗುರ ಆಗುತ್ತದೆ ಅಂತ ಇದ್ದರೆ, ಆ ಭಾರವನ್ನು ಆಕೆಯ ಕಾಯಿಲೆಯ ಮೇಲೆ ಹಾಕಬೇಡ ಅಂತಲೂ ಹೇಳಿದೆ. ಅವನಿಗೆ ನೋವಾಯಿತು. ಹೇಳಬೇಕಿತ್ತು, ಹೇಳಿದೆ.

ಈಗ ನಾಲ್ಕು ತಿಂಗಳಾಗಿದೆ. ಸಿಡುಕು, ಅಳು ಬಹಳ ಕಡಿಮೆಯಾಗಿದೆ. ನಾಲಿಗೆ ಉರಿ ಹೋಗಿದೆ. ಸಂಜೆಯ ಹಾಲಿನ ಮಾತಿಗೆ ಮನೆಯಲ್ಲಿ ಎರಡು ಸಲ ಜಗಳವಾಗಿ, ಮಗ ಫೋನಿನಲ್ಲಿ ಅಪ್ಪನ ಜೊತೆ ಮಾತಾಡಿದ ಮೇಲೆ ಅರ್ಧ ಲೀಟರ್ ಉಳಿಯುತ್ತಿದೆಯಂತೆ. ಎಡಗಾಲಿನ ಬೆರಳಿನ ಜೋಮು ಮಾತ್ರ ಹಾಗೇ ಇದೆ. ಅದು ಬಿ12ದೋ, ಸಕ್ಕರೆ ಕಾಯಿಲೆಯದೋ ವೈದ್ಯರು ನೋಡುತ್ತಿದ್ದಾರೆ. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ. ಈ ಸಲ ಚೀಟಿ ಬಂದ ದಿನವೇ ನನಗೂ ತಂದು ತೋರಿಸಬೇಕು ಅಂತ ಹೇಳಿದ್ದೇನೆ.