ರ್ಯುಯಿಚಿ ಸಕಮೊಟೊ ಯಾರು? ಅವರ ಸಂಗೀತ ಎಲ್ಲಿಂದ ಕೇಳಲು ಶುರು ಮಾಡಲಿ?

ಮಗಳು ಕೀಬೋರ್ಡ್ ಕ್ಲಾಸಿನಿಂದ ಬಂದು 'ಮೆರ್ರಿ ಕ್ರಿಸ್‌ಮಸ್ ಮಿಸ್ಟರ್ ಲಾರೆನ್ಸ್' ಅನ್ನೋ ಟ್ಯೂನ್ ಕೇಳಿಸಿದಳು, ಅದನ್ನು ಮಾಡಿದವರು ಯಾರು, ಬೇರೆ ಏನೇನು ಮಾಡಿದ್ದಾರೆ, ಅವಳಿಗೆ ಅದು ನುಡಿಸೋಕೆ ಬರುತ್ತಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತೇನೆ. ಆ ಟ್ಯೂನ್ ಮಾಡಿದವರು ಜಪಾನಿನ ಸಂಗೀತಗಾರ ಸಕಮೊಟೊ. ಅವರೆಂದರೆ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹುಟ್ಟಿದ್ದು 1952ರ ಜನವರಿ 17ರಂದು, ಟೋಕಿಯೋದಲ್ಲಿ. ಅಪ್ಪ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕರು, ಮಿಶಿಮಾ, ಓಯೆಯಂಥ ದೊಡ್ಡ ಲೇಖಕರ ಜೊತೆ ಕೆಲಸ ಮಾಡಿದವರು. ಅಮ್ಮ ಟೋಪಿಗಳ ಡಿಸೈನರ್. ಹುಡುಗ ಚಿಕ್ಕಂದಿನಲ್ಲೇ ಪಿಯಾನೋ ಕಲಿತ, ಹತ್ತು ವರ್ಷದ ಹೊತ್ತಿಗೆ ಸಂಗೀತ ರಚನೆಯ ಪಾಠಕ್ಕೂ ಹೋಗುತ್ತಿದ್ದ. ಹದಿಹರೆಯದಲ್ಲಿ ಫ್ರಾನ್ಸಿನ ಹಳೆಯ ಸಂಗೀತ ರಚನೆಕಾರ ಡೆಬ್ಯುಸಿಯ ಹುಚ್ಚು ಹಿಡಿಯಿತು. ಹುಚ್ಚು ಅಂದರೆ ಎಷ್ಟು, ನಾನೇ ಡೆಬ್ಯುಸಿಯ ಮರುಜನ್ಮ ಇರಬೇಕು ಅಂದುಕೊಳ್ಳುವಷ್ಟು! ಆಮೇಲೆ ಟೋಕಿಯೋದ ಕಲಾ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆ ಓದಿ 1976ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲೇ ಸಿಂಥಸೈಜರ್‌ಗಳ, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯಗಳ, ಪರಿಚಯ ಆಯಿತು, ಭಾರತ, ಆಫ್ರಿಕಾ, ಓಕಿನಾವಾ ಸಂಗೀತದ ಮೇಲೂ ಆಸಕ್ತಿ ಬೆಳೆಯಿತು.

1978ರಲ್ಲಿ ಹರುವೋಮಿ ಹೊಸೊನೊ, ಯುಕಿಹಿರೊ ತಕಾಹಾಶಿ ಜೊತೆ ಸೇರಿ 'ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ' ಅನ್ನೋ ಎಲೆಕ್ಟ್ರಾನಿಕ್ ಬ್ಯಾಂಡ್ ಶುರು ಮಾಡಿದರು. ಜಪಾನಿನಲ್ಲಿ ಅದು ದೊಡ್ಡ ಹೆಸರು. ಜನ ಸಕಮೊಟೊಗೆ ಪ್ರೊಫೆಸರ್ ಅಂತ ಅಡ್ಡಹೆಸರೂ ಇಟ್ಟರು. ಆ ಕಾಲದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ನನ್ನ ಮನಸ್ಸು ಯಾವಾಗಲೂ ಅವರ ಪಿಯಾನೋ ಕಡೆಗೇ.

ಈಗ ನಿಮ್ಮ ಮಗಳ ಟ್ಯೂನಿಗೆ ಬರೋಣ. ನಾಗಿಸಾ ಓಶಿಮಾ ಅನ್ನೋ ನಿರ್ದೇಶಕರು ಎರಡನೇ ಮಹಾಯುದ್ಧದ ಕಥೆಯೊಂದನ್ನು ಸಿನಿಮಾ ಮಾಡುತ್ತಿದ್ದರು. ಜಾವಾದಲ್ಲಿರುವ ಜಪಾನಿ ಸೆರೆ ಶಿಬಿರದ ಕಥೆ. ಶಿಬಿರದ ಕ್ಯಾಪ್ಟನ್ ಪಾತ್ರ ಮಾಡಿ ಅಂತ ಸಕಮೊಟೊ ಹತ್ತಿರ ಬಂದರು. ಎದುರಿಗೆ ನಟಿಸುವವರು ಬ್ರಿಟನ್ನಿನ ಪ್ರಸಿದ್ಧ ರಾಕ್ ಗಾಯಕ ಡೇವಿಡ್ ಬೋವಿ! ಬೇರೆ ಯಾರಾದರೂ ಆಗಿದ್ದರೆ ತಕ್ಷಣ ಹೂಂ ಅನ್ನುತ್ತಿದ್ದರೇನೋ. ಇವರು ಒಂದು ಷರತ್ತು ಹಾಕಿದರು: ಸಂಗೀತವನ್ನೂ ನನಗೇ ಕೊಟ್ಟರೆ ನಟಿಸುತ್ತೇನೆ. ಅಲ್ಲಿವರೆಗೆ ಸಿನಿಮಾಗೆ ಸಂಗೀತ ಮಾಡಿದವರೇ ಅಲ್ಲ. ಓಶಿಮಾ ಒಪ್ಪಿಕೊಂಡರು, 1983ರಲ್ಲಿ ಸಿನಿಮಾ ಬಂತು, ಸಂಗೀತಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. ಸಿನಿಮಾದಲ್ಲಿ ಆ ಟ್ಯೂನನ್ನು ಸಿಂಥಸೈಜರ್‌ನಲ್ಲಿ ಮಾಡಿದ್ದಾರೆ, ಸಣ್ಣ ಗಂಟೆಗಳು ದೂರದಲ್ಲಿ ಬಾರಿಸಿದ ಹಾಗೆ ಕೇಳುತ್ತದೆ. ನಾವೆಲ್ಲ ಕೇಳುವ ಪಿಯಾನೋ ರೂಪವನ್ನು ಅವರೇ ಬೇರೆಯಾಗಿ ಬರೆದು, ಆಮೇಲೆ ನಲವತ್ತು ವರ್ಷ ಮತ್ತೆ ಮತ್ತೆ ನುಡಿಸಿದರು. ಬೇರೆ ಬೇರೆ ವರ್ಷದ್ದನ್ನು ಸಾಲಾಗಿ ಕೇಳಿ ನೋಡಿ. ವಯಸ್ಸಾದ ಹಾಗೆಲ್ಲ ನಡೆ ನಿಧಾನ ಆಗುತ್ತದೆ, ಸ್ವರದ ಮಧ್ಯೆ ಜಾಗ ಜಾಸ್ತಿ ಆಗುತ್ತದೆ. ಅವರ ಇಡೀ ಬದುಕು ನನಗೆ ಆ ಜಾಗದಲ್ಲೇ ಕಾಣುತ್ತದೆ.

ಮುಂದಿನದು 'ದಿ ಲಾಸ್ಟ್ ಎಂಪರರ್', ಇಟಲಿಯ ಬೆರ್ತೊಲುಚ್ಚಿ ನಿರ್ದೇಶನ, 1987. ಅದಕ್ಕೂ ಕರೆದದ್ದು ನಟನೆಗೇ. ಶೂಟಿಂಗ್ ಎಲ್ಲ ಮುಗಿದು ತಿಂಗಳುಗಳಾದ ಮೇಲೆ ನಿರ್ಮಾಪಕರ ಫೋನ್ ಬಂತಂತೆ: ಸಂಗೀತ ಬೇಕು, ಒಂದು ವಾರ ಸಮಯ. ಎರಡು ವಾರ ಕೊಡಿ ಅಂತ ಕೇಳಿ, ನಿದ್ದೆ ಬಿಟ್ಟು, ನಲವತ್ತಕ್ಕೂ ಹೆಚ್ಚು ತುಣುಕುಗಳನ್ನು ಬರೆದುಕೊಟ್ಟರು. ಕೊನೆಗೆ ಸಿನಿಮಾದಲ್ಲಿ ಉಳಿದದ್ದು ಸುಮಾರು ಅರ್ಧ. ಆ ಸಂಗೀತಕ್ಕೆ 1988ರಲ್ಲಿ ಆಸ್ಕರ್ ಬಂತು, ಡೇವಿಡ್ ಬರ್ನ್ ಮತ್ತು ಕಾಂಗ್ ಸು ಜೊತೆ ಹಂಚಿಕೊಂಡರು.

ಸಿನಿಮಾ ಸಂಗೀತದ ಕೆಲಸ ಹೇಗಿರುತ್ತದೆ ಅಂತ ತಿಳಿಯಬೇಕಾದರೆ 1990ರ 'ದಿ ಶೆಲ್ಟರಿಂಗ್ ಸ್ಕೈ' ಕಥೆ ಕೇಳಬೇಕು. ಅದೂ ಬೆರ್ತೊಲುಚ್ಚಿಯದ್ದೇ. ರೆಕಾರ್ಡಿಂಗ್ ದಿನ ಆರ್ಕೆಸ್ಟ್ರಾ ಪೂರ್ತಿ ಕೂತಿದೆ. ಬೆರ್ತೊಲುಚ್ಚಿ ಬಂದು, ಈ ಶುರುವಿನ ಭಾಗ ನನಗೆ ಹಿಡಿಸಲಿಲ್ಲ, ಈಗಲೇ ಬದಲಿಸು ಅಂದರು. ಇಷ್ಟು ಜನ ಕಾಯುತ್ತಿದ್ದಾರೆ, ಹೇಗೆ ಸಾಧ್ಯ ಅಂತ ಇವರು. ಮೊರಿಕೋನೆ ಆಗಿದ್ದರೆ ಮಾಡಿಕೊಡುತ್ತಿದ್ದರು ಅಂದುಬಿಟ್ಟರಂತೆ ಅವರು! ಮೊರಿಕೋನೆ ಅಂದರೆ ಇಟಲಿಯ ಸಿನಿಮಾ ಸಂಗೀತದ ಮೇರು. ಆ ಮಾತು ಕೇಳಿದ ಮೇಲೆ ಇನ್ನೇನು, ಆರ್ಕೆಸ್ಟ್ರಾದವರನ್ನು ಅರ್ಧ ಗಂಟೆ ಕಾಯಿಸಿ ಹೊಸದಾಗಿ ಬರೆದೇಬಿಟ್ಟರು. ಸಕಮೊಟೊ ಬಗ್ಗೆಯೇ ಮಾಡಿದ 'ಕೋಡಾ' ಅನ್ನೋ ಸಾಕ್ಷ್ಯಚಿತ್ರದಲ್ಲಿ ಇದನ್ನು ಅವರ ಬಾಯಿಂದಲೇ ಕೇಳಬಹುದು, ಹೇಳುವಾಗ ಮುಖದ ತುಂಬಾ ನಗು.

ಅದೇ ಸಾಕ್ಷ್ಯಚಿತ್ರದಲ್ಲಿ ನಾನು ಎಷ್ಟೋ ಸಲ ನೋಡಿದ ಜಾಗ ಇನ್ನೊಂದಿದೆ. 2011ರ ಸುನಾಮಿಯಲ್ಲಿ ಮಿಯಾಗಿ ಪ್ರಾಂತ್ಯದ ನಟೋರಿ ಊರಿನ ಒಂದು ಶಾಲೆಯ ಪಿಯಾನೋ ನೀರಲ್ಲಿ ಮುಳುಗಿತ್ತು. ಸಕಮೊಟೊ ಅದನ್ನು ನೋಡಲು ಹೋಗುತ್ತಾರೆ. ಕೆಲವು ಕೀ ಒತ್ತಿದರೆ ಮೇಲೆ ಬರುವುದಿಲ್ಲ, ಶ್ರುತಿ ಎಲ್ಲೆಲ್ಲಿಗೋ ಹೋಗಿದೆ. ಮೊದಲು ಅವರಿಗೆ ಅದು ಮುಳುಗಿ ಸತ್ತ ಪಿಯಾನೋದ ಹೆಣದ ಹಾಗೆ ಕಂಡಿತಂತೆ. ಆಮೇಲೆ ಆ ಸದ್ದೇ ಇಷ್ಟವಾಗತೊಡಗಿತು. ಅವರ ಯೋಚನೆ ಹೀಗೆ: ಪಿಯಾನೋ ಅಂದರೆ ಮರವನ್ನು ಬಲವಂತವಾಗಿ ಬಗ್ಗಿಸಿ, ತಂತಿಗಳನ್ನು ಟನ್‌ಗಟ್ಟಲೆ ಬಲ ಹಾಕಿ ಎಳೆದು ಕಟ್ಟಿದ ಯಂತ್ರ. ಶ್ರುತಿ ತಪ್ಪಿತು ಅಂತ ನಾವು ಹೇಳುತ್ತೇವೆ, ನಿಜವಾಗಿ ಆ ಮರ, ಆ ಲೋಹ ತಮ್ಮ ಮೊದಲಿನ ಸ್ಥಿತಿಗೆ ಹೋಗಲು ಒದ್ದಾಡುತ್ತಿವೆ.

ಇದು ನನಗೆ ಯಾಕೆ ಇಷ್ಟು ತಟ್ಟಿತು ಗೊತ್ತಾ? ನಮ್ಮ ಮನೆಯ ಹಳೆಯ ಅಪ್‌ರೈಟ್ ಪಿಯಾನೋ ಕಡಲಿನ ಗಾಳಿಗೆ ವರ್ಷವಿಡೀ ಒಡ್ಡಿಕೊಂಡಿದೆ. ಜೂನ್ ಬಂತು ಅಂದರೆ ಮರ ಉಬ್ಬುತ್ತದೆ, ಮಧ್ಯದ ಎರಡು ಮೂರು ಕೀ ಒತ್ತಿದರೆ ಅಲ್ಲೇ ಕೂತುಬಿಡುತ್ತವೆ, ಬೆರಳಲ್ಲಿ ಮೀಟಿ ಎಬ್ಬಿಸಬೇಕು. ಒಳಗೆ ಒಂದು ಸಣ್ಣ ಬಲ್ಬ್ ಹಚ್ಚಿಟ್ಟು ತೇವ ಕಡಿಮೆ ಮಾಡುತ್ತೇವೆ. ಟ್ಯೂನ್ ಮಾಡುವವರು ಪ್ರತಿ ಸಲ ಮುಚ್ಚಳ ತೆಗೆದು, ತುಕ್ಕು ಹಿಡಿದ ತಂತಿ ಮೇಲೆ ಬೆರಳಾಡಿಸಿ, ಇದನ್ನು ಪೂರ್ತಿ ಎಳೆಯುವುದು ಬೇಡ, ಕಡಿದುಹೋಗುತ್ತದೆ, ಎಲ್ಲಿ ನಿಲ್ಲುತ್ತೋ ಅಲ್ಲೇ ಬಿಡೋಣ ಅನ್ನುತ್ತಾರೆ. ಮೊದಲೆಲ್ಲ ಆ ಮಾತಿಗೆ ಬೇಜಾರಾಗುತ್ತಿತ್ತು. ನಟೋರಿಯ ಪಿಯಾನೋ ಕೇಳಿದ ಮೇಲೆ ನಮ್ಮ ಪಿಯಾನೋವನ್ನೂ ಬೇರೆ ಕಿವಿಯಿಂದ ಕೇಳುತ್ತಿದ್ದೇನೆ.

2014ರಲ್ಲಿ ಸಕಮೊಟೊಗೆ ಗಂಟಲಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಕೆಲಸ ಎಲ್ಲ ನಿಲ್ಲಿಸಿದರು. ವಾಪಸ್ ಬಂದದ್ದು 'ದಿ ರೆವೆನಂಟ್' ಸಿನಿಮಾಗೆ, 2015ರಲ್ಲಿ. ಹಿಮದ ಕಾಡಿನಲ್ಲಿ ಒಬ್ಬ ಮನುಷ್ಯ ತೆವಳಿಕೊಂಡು ಬದುಕುವ ಕಥೆ. ಆ ಸಂಗೀತದಲ್ಲಿ ಗುನುಗುವಂಥ ರಾಗ ಏನೂ ಇಲ್ಲ, ಬರೀ ದೀರ್ಘ ಉಸಿರಿನಂಥ ತಂತಿವಾದ್ಯಗಳು. 2017ರಲ್ಲಿ 'ಅಸಿಂಕ್' ಆಲ್ಬಮ್ ಮಾಡಿದರು. ಪಿಯಾನೋದಲ್ಲಿ ಒಂದು ಸ್ವರ ಹೊಡೆದ ಕೂಡಲೇ ಅದು ಸಾಯಲು ಶುರುವಾಗುತ್ತದೆ ಅಲ್ವಾ, ಸಾಯದ ಸದ್ದಿಗಾಗಿ ಅವರಿಗೆ ಆಸೆ. ಹಾಗಾಗಿ ಎಲ್ಲೆಲ್ಲೂ ಹುಡುಕಿದರು. ಮಳೆಯಲ್ಲಿ ಪ್ಲಾಸ್ಟಿಕ್ ಬಕೆಟ್ ತಲೆಗೆ ಕವುಚಿಕೊಂಡು ನಿಂತು, ಹನಿ ಬೀಳುವುದನ್ನು ಕೇಳುವ ದೃಶ್ಯ 'ಕೋಡಾ'ದಲ್ಲಿದೆ. ಹಿಂದೆ 2008ರಲ್ಲಿ ಗ್ರೀನ್‌ಲ್ಯಾಂಡಿಗೆ ಹೋದಾಗ ಮಂಜುಗಡ್ಡೆ ಕರಗಿ ಹರಿಯುವ ನೀರಿಗೆ ಮೈಕ್ ಇಳಿಬಿಟ್ಟು, ಸದ್ದನ್ನು ಗಾಳ ಹಾಕಿ ಹಿಡಿಯುತ್ತಿದ್ದೇನೆ ಅಂತ ಖುಷಿಪಡುತ್ತಾರೆ. ಆಸ್ಕರ್ ಗೆದ್ದ ಮನುಷ್ಯ, ಚಿಕ್ಕ ಹುಡುಗನ ಖುಷಿ.

'ಅಸಿಂಕ್'ನಲ್ಲಿ 'ಫುಲ್‌ಮೂನ್' ಅನ್ನೋ ಟ್ರ್ಯಾಕ್ ಇದೆ. 'ದಿ ಶೆಲ್ಟರಿಂಗ್ ಸ್ಕೈ' ಕೊನೆಯಲ್ಲಿ ಆ ಕಾದಂಬರಿ ಬರೆದ ಪೌಲ್ ಬೌಲ್ಸ್ ಅವರೇ ಒಂದು ಭಾಗ ಓದುತ್ತಾರೆ. ಬದುಕಿನಲ್ಲಿ ಇನ್ನೆಷ್ಟು ಸಲ ಹುಣ್ಣಿಮೆ ಚಂದ್ರನನ್ನು ನೋಡುತ್ತೀಯ, ಅಂಥ ಮಾತು. ಇಪ್ಪತ್ತೇಳು ವರ್ಷ ಆದ ಮೇಲೆ ಅದೇ ದನಿ ಈ ಆಲ್ಬಮ್ಮಿನಲ್ಲಿ ಬರುತ್ತದೆ, ಅದರ ಹಿಂದೆಯೇ ಅದೇ ಸಾಲುಗಳನ್ನು ಬೇರೆ ಬೇರೆ ಜನ ತಮ್ಮ ತಮ್ಮ ಭಾಷೆಯಲ್ಲಿ ಓದುತ್ತಾರೆ, ಇಟಾಲಿಯನ್‌ನಲ್ಲಿ ಓದುವವರು ಅದೇ ಬೆರ್ತೊಲುಚ್ಚಿ. ಅಂದು ಆರ್ಕೆಸ್ಟ್ರಾ ಮುಂದೆ ಹಟ ಹಿಡಿದಿದ್ದ ಮನುಷ್ಯ! ನನಗೆ ಅಲ್ಲಿ ಗಂಟಲು ಕಟ್ಟುತ್ತದೆ.

ಮತ್ತೆ ಕ್ಯಾನ್ಸರ್ ಬಂತು, 2021ರ ಜನವರಿಯಲ್ಲಿ ಅದನ್ನು ಎಲ್ಲರಿಗೂ ತಿಳಿಸಿದರು. ಆ ದಿನಗಳಲ್ಲಿ ಡೈರಿ ಬರೆದ ಹಾಗೆ ರೆಕಾರ್ಡ್ ಮಾಡಿದ ತುಣುಕುಗಳೇ '12' ಅನ್ನೋ ಆಲ್ಬಮ್. ಪ್ರತಿ ತುಣುಕಿಗೂ ರೆಕಾರ್ಡ್ ಮಾಡಿದ ದಿನಾಂಕವೇ ಹೆಸರು. 2022ರಲ್ಲಿ ಟೋಕಿಯೋದಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸ್ಟುಡಿಯೋದಲ್ಲಿ 20 ತುಣುಕುಗಳನ್ನು ಒಬ್ಬರೇ ನುಡಿಸಿದರು. ಒಂದೇ ಸಲಕ್ಕೆ ಪೂರ್ತಿ ಕಛೇರಿ ಮಾಡುವ ಶಕ್ತಿ ಇರಲಿಲ್ಲ, ದಿನಕ್ಕೆ ಕೆಲವು ಮಾತ್ರ. ಮಗ ನಿಯೋ ಸೋರಾ ಅದನ್ನು 'ಓಪಸ್' ಅನ್ನೋ ಕಪ್ಪು ಬಿಳುಪು ಸಿನಿಮಾ ಮಾಡಿದ್ದಾರೆ. '12' ಬಿಡುಗಡೆ ಆದದ್ದು 2023ರ ಜನವರಿ 17ಕ್ಕೆ, ಅವರ 71ನೇ ಹುಟ್ಟುಹಬ್ಬದ ದಿನ. ಮಾರ್ಚ್ 28ಕ್ಕೆ ತೀರಿಕೊಂಡರು. ಕೊನೆಯದಾಗಿ ಸಂಗೀತ ಕೊಟ್ಟ ಸಿನಿಮಾ ಜಪಾನಿನ ನಿರ್ದೇಶಕ ಕೊರೆಎಡಾ ಅವರ 'ಮಾನ್‌ಸ್ಟರ್'.

ಎಲ್ಲಿಂದ ಶುರು ಮಾಡಬೇಕು? ಮೊದಲು '1996' ಆಲ್ಬಮ್ ಕೇಳಿ. ಪಿಯಾನೋ, ವಯಲಿನ್, ಚೆಲೊ ಅಷ್ಟೇ, ಸಿನಿಮಾ ಟ್ಯೂನ್‌ಗಳೆಲ್ಲ ಒಂದೇ ಕಡೆ ಸಿಗುತ್ತವೆ. ಆಮೇಲೆ 'ಅಸಿಂಕ್'. ಕಡೆಗೆ '12'. ಅದನ್ನು ಬಸ್ಸಲ್ಲಿ ಕೇಳಬೇಡಿ. ರಾತ್ರಿ ಫ್ಯಾನ್ ಆಫ್ ಮಾಡಿ ಹೆಡ್‌ಫೋನ್ ಹಾಕಿಕೊಳ್ಳಿ. ಕೆಲವು ಕಡೆ ಸ್ವರದ ಜೊತೆ ಅವರ ಉಸಿರಾಟವೂ ಕೇಳುತ್ತದೆ.

ಮಗಳ ವಿಷಯ. ಸರಳ ಮಾಡಿದ ಶೀಟ್ ಬೇಕಾದಷ್ಟು ಸಿಗುತ್ತವೆ, ಅದರಿಂದ ಶುರು ಮಾಡಲಿ, ಮೂಲದಲ್ಲಿ ಎಡಗೈ ದೂರ ಚಾಚಬೇಕು, ಸಣ್ಣ ಕೈಗೆ ನೋವಾಗುತ್ತದೆ. ಕೀಬೋರ್ಡಿಗೆ ಒಂದು ಸಸ್ಟೇನ್ ಪೆಡಲ್ ಕೊಡಿಸಿ, ಅದನ್ನು ಕಾಲಲ್ಲಿ ಒತ್ತಿ ಹಿಡಿದರೆ ಕೀಯಿಂದ ಬೆರಳು ತೆಗೆದ ಮೇಲೂ ಸ್ವರ ಉಳಿಯುತ್ತದೆ. ನನ್ನ ಹತ್ತಿರ ಬರುವ ಮಕ್ಕಳು ಕೊನೆಯ ಸ್ವರ ಹೊಡೆದ ತಕ್ಷಣ ಪೆಡಲಿನಿಂದ ಕಾಲು ತೆಗೆದು ನನ್ನ ಮುಖ ನೋಡುತ್ತಾರೆ, ಸರಿಯಾಯ್ತಾ ಅಂತ. ಕಾಲು ತೆಗೆಯಬೇಡ, ಸದ್ದು ಪೂರ್ತಿ ಹೋಗುವವರೆಗೆ ಹಾಗೇ ಕೂತಿರು ಅನ್ನುತ್ತೇನೆ. ನಿಮ್ಮ ಮಗಳಿಗೂ ಅಷ್ಟು ಹೇಳಿ.