ಅಮ್ಮನ ಹೆಸರಲ್ಲಿ ಟ್ರಸ್ಟ್ ಮಾಡಬೇಕಾ? ಬೇಡ ಅಂತೀನಿ

ನಿಮ್ಮ ಪ್ರಶ್ನೆಯನ್ನು ಕೆಲವು ವರ್ಷದ ಹಿಂದೆ ನಾನೇ ಬರೆದಿದ್ದೆನೇನೋ ಅನ್ನಿಸಿತು. ಊರಿನವರಿಗಾಗಿ ಓಡಾಡಿದ ತಾಯಿ ಈಗಿಲ್ಲ. ವರ್ಷದ ತಿಥಿಯೊಳಗೆ ಅವರ ಹೆಸರಲ್ಲಿ ಟ್ರಸ್ಟ್ ಮಾಡುವುದಾ, ಅಣ್ಣ ಹೇಳುವ ಹಾಗೆ ಬಸ್ ತಂಗುದಾಣ ಕಟ್ಟಿಸುವುದಾ ಅಂತ ಕೇಳಿದ್ದೀರಿ. ನಾನು ಟ್ರಸ್ಟ್ ಮಾಡಿದವನು. ದಯವಿಟ್ಟು ಮಾಡಬೇಡಿ.

ನಮ್ಮಮ್ಮ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. 1975ರ ಅಕ್ಟೋಬರ್ 2ರಂದು ಈ ಯೋಜನೆ ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಪಕ್ಕದ ಟಿ. ನರಸೀಪುರಕ್ಕೆ. ಅಮ್ಮ ಸೇರಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಕೈಗೆ ಬರುತ್ತಿದ್ದದ್ದು ಸಂಬಳ ಅಲ್ಲ, ಗೌರವಧನ. ಅದು ಎಷ್ಟು ಗೌರವದ್ದು ಅಂತ ಆ ಕೆಲಸ ಮಾಡಿದವರ ಮನೆಯವರಿಗೆ ಚೆನ್ನಾಗಿ ಗೊತ್ತು. ಊರಿನವರಿಗೆ ಮಾತ್ರ ಅವರು ಟೀಚರಮ್ಮ, ಯಾವ ಹೊತ್ತಿನಲ್ಲಾದರೂ ಬಾಗಿಲು ಬಡಿಯಬಹುದಾದ ಟೀಚರಮ್ಮ.

ತೀರಿಕೊಂಡಾಗ ಎಲ್ಲರೂ ಹೇಳಿದ್ದು ಒಂದೇ, 'ಊರಿಗೇ ತಾಯಿ'. ಹೌದು, ಆದರೆ ಹಾಗಂದರೆ ಮನೆಯಲ್ಲಿ ತಾಯಿ ಇರುತ್ತಿರಲಿಲ್ಲ ಅಂತಲೂ ಅರ್ಥ. ಎಷ್ಟೋ ರಾತ್ರಿ ನಾನೂ ತಂಗಿಯೂ ಆರಿದ ಸಾರು ಉಂಡು ಮಲಗಿದ್ದೇವೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಎಲ್ಲ ಮಕ್ಕಳ ಜೊತೆ ನನ್ನನ್ನೂ ತಕ್ಕಡಿಗೆ ಹಾಕಿ ತೂಗುತ್ತಿದ್ದರು. ನಾನು ತೂಕ ಕಡಿಮೆ. ಟೀಚರ್ ಮಗನೇ ಹೀಗಿದ್ದರೆ ಹೇಗಮ್ಮ ಅಂತ ಸೂಪರ್‌ವೈಸರ್ ರೇಗಿಸಿದರಂತೆ. ಆದರೂ ಅಮ್ಮ ರಿಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದರು. ಅಲ್ಲಿ ನನಗೆ ಒಂದು ಚಮಚ ಪುಷ್ಟಿ ಹಿಟ್ಟೂ ಜಾಸ್ತಿ ಹಾಕಲಿಲ್ಲ. ರಾತ್ರಿ ಮನೆಗೆ ಬಂದು, ನಿದ್ದೆಗಣ್ಣಿನಲ್ಲಿದ್ದ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಡುತ್ತಿದ್ದರು. ಊರಿಗೇ ತಾಯಿ ಅನ್ನುವವರಿಗೆ ಇದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ ಬಿಡಿ.

ಈಗ ಟ್ರಸ್ಟಿನ ಕಥೆಗೆ ಬರುತ್ತೇನೆ. ಹಣ ಇತ್ತು. ಅಮ್ಮನ ಉಳಿತಾಯ ಸ್ವಲ್ಪ, ನನ್ನದು ಸ್ವಲ್ಪ, ತಂಗಿ ಬಳೆ ಮಾರಿ ಕೊಟ್ಟದ್ದು. ವಕೀಲರ ಹತ್ತಿರ ಹೋದೆವು. ಟ್ರಸ್ಟಿನ ಉದ್ದೇಶ ಏನು ಅಂತ ಕೇಳಿದರು. ನಮ್ಮ ಮನೆಯ ಗೋಡೆಯ ಮೇಲೆ ಒಂದು ಫೋಟೋ ಇದೆ, ಅಮ್ಮ ಹೊಲಿಗೆ ಮಿಷನ್ನುಗಳ ನಡುವೆ ನಿಂತಿರುವುದು. 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದಾಗ ಹದಿನೈದಿಪ್ಪತ್ತು ಹೆಂಗಸರ ಒಂದೊಂದು ಗುಂಪು ಕಟ್ಟುವ ಕೆಲಸ ಅಂಗನವಾಡಿಯವರ ತಲೆಗೇ ಬಿತ್ತು. ವಾರವಾರ ಹತ್ತೋ ಇಪ್ಪತ್ತೋ ಉಳಿತಾಯ, ಆಮೇಲೆ ಬ್ಯಾಂಕ್ ಸಾಲ, ಆ ಸಾಲದಲ್ಲಿ ಬಂದ ಮಿಷನ್ನುಗಳು ಅವು. ಊರಿನ ಅರ್ಧ ಹೆಂಗಸರು ಬ್ಲೌಸ್ ಹೊಲಿಯಲು ಕಲಿತದ್ದು ಅಮ್ಮನ ಹತ್ತಿರ. ಹಾಗಾಗಿ 'ಗ್ರಾಮದ ಬಡ ಮಹಿಳೆಯರಿಗೆ ಉಚಿತ ಹೊಲಿಗೆ ತರಬೇತಿ' ಅಂತ ಬರೆಸಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ವಕೀಲರು ತಮ್ಮಷ್ಟಕ್ಕೆ ತಾವು, ಮುಂದೆ ಅಗತ್ಯ ಬಿದ್ದರೆ ಟ್ರಸ್ಟಿಗಳೆಲ್ಲ ಸೇರಿ ಉದ್ದೇಶ ಬದಲಾಯಿಸಬಹುದು ಅಂತ ಒಂದು ಸಾಲು ಹಾಕಿದ್ದರು. ಎಲ್ಲ ಡೀಡುಗಳಲ್ಲೂ ಹಾಕುವ ಮಾಮೂಲಿ ಸಾಲು. ನಾನು ಅದನ್ನು ತೆಗೆಸಿದೆ. ತೆಗೆಸಿದ್ದು ಸಾಲದು ಅಂತ, ಈ ಉದ್ದೇಶವನ್ನು ಯಾವ ಕಾಲಕ್ಕೂ ಯಾರೂ ಬದಲಿಸುವಂತಿಲ್ಲ ಅಂತ ಸೇರಿಸಿಸಿದೆ. ಯಾಕೆ ಅಂದರೆ ನನಗೆ ಭಯ. ಟ್ರಸ್ಟಿಗಳಲ್ಲಿ ದಾಯಾದಿಗಳಿದ್ದರು, ಅವರಲ್ಲೊಬ್ಬನಿಗೆ ಪಂಚಾಯ್ತಿ ಚುನಾವಣೆಯ ಹುಚ್ಚು. ನಾಳೆ ಅಮ್ಮನ ಹೆಸರನ್ನು ಬ್ಯಾನರಿಗೆ ಹಾಕಿ ತನ್ನ ಕೆಲಸಕ್ಕೆ ಬಳಸಿಕೊಂಡರೆ? ಜೊತೆಗೆ ದುಃಖ ಬೇರೆ. ಅಮ್ಮನ ಕೆಲಸವನ್ನು ಯಾರೂ ಮುಟ್ಟಬಾರದು ಅನ್ನುವ ಒಂಥರಾ ಹಠ. ವಕೀಲರು ಇನ್ನೊಂದು ಸಲ ಯೋಚಿಸಿ ಅಂದರು. ಅಮ್ಮ ಸತ್ತವನಿಗೆ ಯಾರ ಮಾತು ತಲೆಗೆ ಹೋಗುತ್ತೆ? ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ, ದೊಡ್ಡ ಕೆಲಸ ಮಾಡಿದ ಹಾಗೆ ಹೊರಗೆ ಬಂದೆ.

ಮಿಷನ್ ತಂದೆವು, ಬೋರ್ಡ್ ಹಾಕಿದೆವು. ಯಾರೂ ಬರಲಿಲ್ಲ. ಬರುವುದಾದರೂ ಯಾಕೆ? ನಮ್ಮ ಊರಿನ ಹೆಣ್ಣುಮಕ್ಕಳು ಬೆಳಗ್ಗೆ ಆರಕ್ಕೇ ವ್ಯಾನ್ ಹತ್ತಿ ಮದ್ದೂರು ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರಿಗೆ ಹೊಲಿಗೆ ನಾವು ಕಲಿಸಬೇಕಾ? ಬದಲಿಗೆ ಬಂದವರು ವಿಧವಾ ವೇತನ ನಿಂತವರು, ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇರುವವರು, 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲೆ ಎರಡು ಸಾವಿರ ತಮ್ಮ ಖಾತೆಗೆ ಯಾಕೆ ಬರಲಿಲ್ಲ ಅಂತ ಕೇಳುವವರು. ಅರ್ಜಿ ಬರೆದುಕೊಟ್ಟು, ಬಸ್ ಚಾರ್ಜ್ ಕೊಟ್ಟು ತಾಲ್ಲೂಕು ಆಫೀಸಿಗೆ ಜೊತೆಗೆ ಹೋಗುವ ಒಬ್ಬಳು ಹುಡುಗಿಯನ್ನು ಟ್ರಸ್ಟಿನ ದುಡ್ಡಿನಲ್ಲಿ ಇಡೋಣ ಅಂದೆ. ಆಡಿಟರ್ ಡೀಡ್ ತಿರುವಿ ನೋಡಿ, 'ಉದ್ದೇಶದಲ್ಲಿ ಇಲ್ಲವಲ್ಲ ಸಾರ್' ಅಂದರು.

ಬದಲಿಸೋಣ ಅಂದರೆ ಬದಲಿಸುವ ಅಧಿಕಾರವನ್ನು ನಾನೇ ಕಿತ್ತುಹಾಕಿದ್ದೆ. ಮಹಾರಾಷ್ಟ್ರದಲ್ಲಿ ಇಂಥದ್ದಕ್ಕೆ ಚಾರಿಟಿ ಕಮಿಷನರ್ ಅಂತ ಒಬ್ಬರಿದ್ದಾರೆ. ನಮ್ಮ ಕಡೆ ಸಿವಿಲ್ ಕೋರ್ಟಿಗೆ ಹೋಗಬೇಕು, ಸಿವಿಲ್ ಕೇಸುಗಳ ಕಾನೂನಾದ ಸಿಪಿಸಿಯ 92ನೇ ಸೆಕ್ಷನ್, ಕೇಸು ಹಾಕುವುದಕ್ಕೇ ಮೊದಲು ಕೋರ್ಟಿನ ಅನುಮತಿ ಬೇಕು. ಹೀಗಾಗಿ ದುಡ್ಡು ಎಫ್‌ಡಿಯಲ್ಲಿ ಕೂತಿದೆ. ಅದರ ಬಡ್ಡಿ ಆಡಿಟಿಗೆ, ರಿಟರ್ನ್ ಹಾಕುವುದಕ್ಕೆ, ತೆರಿಗೆ ವಿನಾಯಿತಿಯ 12ಎ, 80ಜಿ ಕಾಗದಪತ್ರಕ್ಕೆ. 2021ರಲ್ಲಿ ನಿಯಮ ಬದಲಾಗಿ ಹಳೇ ಟ್ರಸ್ಟುಗಳೂ ಮತ್ತೆ ನೋಂದಣಿ ಮಾಡಿಸಬೇಕಾಯಿತು, ಅದಕ್ಕೂ ಖರ್ಚು. ತಂಗಿ ತನ್ನ ಬಳೆಯ ಲೆಕ್ಕ ಕೇಳಿಲ್ಲ. ಆದರೆ ಟ್ರಸ್ಟಿನ ಮಾತು ಬಂದರೆ ಎದ್ದು ಹೋಗುತ್ತಾಳೆ.

ಅಮ್ಮನ ಕೆಲಸ ಅಂದರೆ ಹೊಲಿಗೆ ಅಂದುಕೊಂಡದ್ದೇ ಎಲ್ಲದಕ್ಕೂ ಮೂಲ. ತೊಂಬತ್ತರ ದಶಕದಲ್ಲಿ ಅವರು ಸಾಕ್ಷರತಾ ಆಂದೋಲನದ ರಾತ್ರಿ ತರಗತಿ ನಡೆಸಿದವರು. 1995ರಿಂದ ಪಲ್ಸ್ ಪೋಲಿಯೋ, ಭಾನುವಾರ ಬೂತ್, ಆಮೇಲೆ ಮನೆಮನೆ ತಿರುಗಿ ಬಾಗಿಲ ಮೇಲೆ ಸೀಮೆಸುಣ್ಣದ ಗುರುತು. 2014ರಲ್ಲಿ ಭಾರತ ಪೋಲಿಯೋ ಮುಕ್ತ ಅಂದಾಗ ಟಿವಿ ಮುಂದೆ ಕೂತು, 'ಸದ್ಯ, ಬೈಸಿಕೊಂಡದ್ದು ದಂಡ ಆಗಲಿಲ್ಲ' ಅಂದಿದ್ದರು. ನಡುವೆ ಸಾರಾಯಿ ಗಲಾಟೆ. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಗಂಡಸರು ಬ್ರಾಂದಿ ಅಂಗಡಿಗೆ ಹೋದರು, ಅಮ್ಮ ಸಂಘದವರನ್ನು ಕರಕೊಂಡು ಮತ್ತೆ ಜಗಳಕ್ಕೆ. 2017ರಲ್ಲಿ ಮಾತೃಪೂರ್ಣ ಬಂದಾಗ ಬಸುರಿಯರು ಅಂಗನವಾಡಿಗೇ ಬಂದು ಊಟ ಮಾಡಬೇಕು ಅಂತಾಯಿತು. ಸೊಸೆ ಹೊರಗೆ ಹೋಗಿ ಉಣ್ಣುವುದಾ ಅಂತ ಅತ್ತೆಯರು ಮುನಿಸಿಕೊಂಡರು. ಅಮ್ಮ ಅತ್ತೆಯರನ್ನೂ ಕೂರಿಸಿ ಮಜ್ಜಿಗೆ ಕೊಟ್ಟರು. ಅವರ ಯಾವ ಕೆಲಸವೂ ಹತ್ತು ವರ್ಷ ಒಂದೇ ಥರ ಇರಲಿಲ್ಲ. ಊರಿಗೆ ಏನು ಕಷ್ಟವೋ ಅವತ್ತಿಗೆ ಅದು. ಮಿಷನ್ನುಗಳಿಗೆ ಬೇಡಿಕೆ ಇಲ್ಲ ಅಂತ ಗೊತ್ತಾಗಿದ್ದರೆ ಮೊದಲು ಮಾರುತ್ತಿದ್ದವರು ಅವರೇ.

ಆದ್ದರಿಂದ ಟ್ರಸ್ಟಾ, ತಂಗುದಾಣವಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಎರಡೂ ನಮ್ಮ ಸಮಾಧಾನಕ್ಕೆ. ವರ್ಷದ ತಿಥಿಯೊಳಗೆ ಏನೂ ರಿಜಿಸ್ಟರ್ ಮಾಡಿಸಬೇಡಿ. ನಿಮ್ಮ ತಾಯಿಯ ಜೊತೆ ಓಡಾಡುತ್ತಿದ್ದ ಹೆಂಗಸರನ್ನು ಕೂರಿಸಿಕೊಂಡು, ಕೊನೇ ವರ್ಷದಲ್ಲಿ ಜನ ಅವರ ಹತ್ತಿರ ಯಾವುದಕ್ಕೆ ಬರುತ್ತಿದ್ದರು ಅಂತ ಕೇಳಿ. ನಾನು ಗೋಡೆಯ ಫೋಟೋ ಕೇಳಿದೆ, ಅವರನ್ನು ಕೇಳಲಿಲ್ಲ. ಆ ಕೆಲಸ ಈಗ ಯಾರು ಮಾಡುತ್ತಿದ್ದಾರೋ ಅವರಿಗೆ ಸುಮ್ನೆ ನಿಮ್ಮ ಜೇಬಿನಿಂದ ತಿಂಗಳು ತಿಂಗಳು ಕೊಡಿ. ತೆರಿಗೆ ರಿಯಾಯಿತಿ ಸಿಗಲ್ಲ, ರಸೀದಿ ಸಿಗಲ್ಲ, ಹೋಗಲಿ ಬಿಡಿ. ನಾನೀಗ ಮಾಡುತ್ತಿರುವುದೂ ಅದನ್ನೇ. ಆಡಿಟರ್ ಬೇಡ ಅಂದ ಆ ಹುಡುಗಿ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದುಕೊಡುತ್ತಾಳೆ. ಅಲ್ಲಿ ಅಮ್ಮನ ಹೆಸರಿನ ಬೋರ್ಡ್ ಇಲ್ಲ. ಶಾಲೆಯಲ್ಲಿ ದತ್ತಿನಿಧಿ ಇಡುವುದೂ ಒಂದು ದಾರಿ, ನನಗೆ ಅನುಭವ ಇಲ್ಲ.

ಇಷ್ಟು ಕೇಳಿಯೂ ಟ್ರಸ್ಟೇ ಬೇಕು ಅಂದರೆ ಉದ್ದೇಶವನ್ನು ಅಗಲವಾಗಿ ಬರೆಸಿ, ವಕೀಲರು ಹಾಕುವ ಆ ಮಾಮೂಲಿ ಸಾಲನ್ನು ಮುಟ್ಟಬೇಡಿ. ಅಣ್ಣ ಹಠ ಹಿಡಿದರೆ ತಂಗುದಾಣ ಕಟ್ಟಿಸಲಿ, ಅದಕ್ಕಾಗಿ ಜಗಳ ಆಡಬೇಡಿ. ಜಾಗ ಪಂಚಾಯ್ತಿಯದಾ, ಲೋಕೋಪಯೋಗಿಯದಾ ಅಂತ ನೋಡಿ, ಅನುಮತಿಯನ್ನು ಕಾಗದದ ಮೇಲೆ ತಗೊಳ್ಳಿ. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ತಂಗುದಾಣವೇ.